ಕೋಚ್ ಬರುವುದು ಊರು ನೋಡಿಯೇ?

2007ರ ಜನವರಿ 3. ಅಮೆರಿಕದ ಅಲಬಾಮಾ ರಾಜ್ಯದ ಟಸ್ಕಲೂಸಾ ಎಂಬ ಊರಿನ ಸಣ್ಣ ವಿಮಾನ ನಿಲ್ದಾಣದಲ್ಲಿ ಜನ ಗುಂಪುಗೂಡಿ ಕಾಯುತ್ತಿದ್ದರು. ವಿಮಾನದಿಂದ ಇಳಿದವರು ನಿಕ್ ಸೇಬನ್, ಅಲ್ಲಿನ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ ಆಗಷ್ಟೇ ಗೊತ್ತಾದ ಕೋಚ್. ಜನ ಮುತ್ತಿಕೊಂಡರು. ಒಬ್ಬ ಹೆಂಗಸು ಅವರನ್ನು ತಬ್ಬಿಕೊಂಡೇಬಿಟ್ಟಳು. ಸೇಬನ್ ಬಿಟ್ಟು ಬಂದದ್ದು ಮಿಯಾಮಿಯನ್ನು: ಸಮುದ್ರ, ಬಿಸಿಲು, ಎನ್‌ಎಫ್‌ಎಲ್ ಎಂಬ ವೃತ್ತಿಪರ ಲೀಗಿನ ತಂಡ. ಎರಡು ವಾರದ ಹಿಂದಷ್ಟೇ, ತಾನು ಅಲಬಾಮಾಕ್ಕೆ ಹೋಗುವವನಲ್ಲ ಎಂದು ಪತ್ರಕರ್ತರಿಗೆ ಖಡಾಖಂಡಿತವಾಗಿ ಹೇಳಿದ್ದರು.

ಇಲ್ಲಿ ಎರಡು ಮಾತು ಸ್ಪಷ್ಟ ಮಾಡಬೇಕು. ನಮ್ಮಲ್ಲಿ ‘ಕೋಚಿಂಗ್’ ಎಂದರೆ ನೀಟ್, ಸಿಇಟಿ ಬೋರ್ಡುಗಳೇ ಕಣ್ಣಿಗೆ ಬರುತ್ತವೆ. ನಾನು ಹೇಳುತ್ತಿರುವುದು ಅಮೆರಿಕದ ಕಾಲೇಜು ಆಟಗಳ ಕೋಚ್‌ಗಳ ಬಗ್ಗೆ. ಫುಟ್‌ಬಾಲ್ ಎಂದರೂ ಅವರದು ಹೆಲ್ಮೆಟ್ ಹಾಕಿಕೊಂಡು, ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟ. ಕಾಲೇಜು ಆಟವಲ್ಲವೇ ಎಂದು ಹಗುರವಾಗಿ ಕಾಣುವಂತಿಲ್ಲ. ಅಲ್ಲಿನ ಬಹುಪಾಲು ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಎಣಿಸುವವರಲ್ಲಿ ಎಲ್ಲರಿಗಿಂತ ಹೆಚ್ಚು ಎಣಿಸುವುದು ರಾಜ್ಯಪಾಲರೂ ಅಲ್ಲ, ಕುಲಪತಿಯೂ ಅಲ್ಲ, ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ಕೋಚ್.

ಹಾಗಾಗಿಯೇ ಯಾವ ವಿಶ್ವವಿದ್ಯಾಲಯದ ಕೋಚ್ ಹುದ್ದೆ ‘ಒಳ್ಳೆಯ ಕೆಲಸ’ ಎಂಬುದು ಅಲ್ಲಿ ಕಟ್ಟೆ ಪುರಾಣದ ಖಾಯಂ ವಸ್ತು. ಅಲ್ಲಿರುವ ನಮ್ಮ ಹುಡುಗರೂ ಎರಡು ವರ್ಷ ಎಂಎಸ್ ಮಾಡುವಷ್ಟರಲ್ಲಿ ಈ ಚರ್ಚೆಯಲ್ಲಿ ಪಳಗಿರುತ್ತಾರೆ. ಚರ್ಚೆ ಬಹುಬೇಗ ಊರಿನ ಮೇಲೆ ಬರುತ್ತದೆ: ಆ ಊರು ಚೆಂದ, ಈ ಊರು ಕೊಂಪೆ, ಅಲ್ಲಿಗೆ ಯಾವ ಕೋಚ್ ಹೋಗುತ್ತಾನೆ? ಈ ಮಾತುಗಳಲ್ಲಿ ಅರ್ಧ ನಿಜ, ಅರ್ಧ ಬರೀ ನಂಬಿಕೆ.

“ದೊಡ್ಡ ಊರಿದ್ದಲ್ಲಿ ದೊಡ್ಡ ಕೆಲಸ”

ಸೇಬನ್ ಬಂದಿಳಿದ ಊರನ್ನೇ ನೋಡಿ. ಟಸ್ಕಲೂಸಾದ ಜನಸಂಖ್ಯೆ ಇವತ್ತಿಗೆ ಸುಮಾರು ಒಂದು ಲಕ್ಷ. ವಿಶ್ವವಿದ್ಯಾಲಯದ ಸ್ಟೇಡಿಯಂನಲ್ಲಿರುವ ಸೀಟುಗಳೂ ಹೆಚ್ಚುಕಡಿಮೆ ಅಷ್ಟೇ. ಎಂಟು ವರ್ಷಕ್ಕೆ 3.2 ಕೋಟಿ ಡಾಲರ್ ಸಂಬಳಕ್ಕೆ ಅಲ್ಲಿಗೆ ಬಂದವರು 17 ಸೀಸನ್ ಉಳಿದರು, ಆರು ರಾಷ್ಟ್ರೀಯ ಪ್ರಶಸ್ತಿ ಗೆದ್ದರು, 2024ರ ಜನವರಿಯಲ್ಲಿ ನಿವೃತ್ತರಾದರು. ದಕ್ಷಿಣ ಕೆರೊಲಿನಾದ ಕ್ಲೆಮ್ಸನ್ ಇನ್ನೂ ಸಣ್ಣದು. 2020ರ ಜನಗಣತಿಯಲ್ಲಿ ಊರಿನ ಜನ 18 ಸಾವಿರವೂ ಇರಲಿಲ್ಲ. ಸ್ಟೇಡಿಯಂ ಹಿಡಿಸುವುದು 80 ಸಾವಿರಕ್ಕೂ ಹೆಚ್ಚು. ಡಾಬೊ ಸ್ವಿನಿ ಅಲ್ಲಿಂದಲೇ 2016 ಮತ್ತು 2018ರ ಸೀಸನ್‌ಗಳಲ್ಲಿ ಚಾಂಪಿಯನ್ ಆದರು.

ಇಂಥ ಊರುಗಳು ಹುಟ್ಟಿದ್ದಕ್ಕೆ ಒಂದು ಹಿನ್ನೆಲೆಯಿದೆ. 19ನೇ ಶತಮಾನದ ಅಮೆರಿಕದಲ್ಲಿ ರಾಜ್ಯ ವಿಶ್ವವಿದ್ಯಾಲಯಗಳ ಒಂದು ದೊಡ್ಡ ಕೆಲಸ ಬೇಸಾಯ ಕಲಿಸುವುದು. 1862ರ ಮಾರಿಲ್ ಕಾಯ್ದೆ ಅದಕ್ಕೆಂದೇ ರಾಜ್ಯಗಳಿಗೆ ಜಮೀನು ಕೊಟ್ಟಿತು. ಪೆನ್ ಸ್ಟೇಟ್ ಎಂಬ ಭಾರೀ ವಿಶ್ವವಿದ್ಯಾಲಯ 1855ರಲ್ಲಿ ಶುರುವಾದದ್ದು ರೈತರ ಪ್ರೌಢಶಾಲೆಯಾಗಿ, ಅದೂ ಒಬ್ಬ ಜಮೀನುದಾರ ಬಿಟ್ಟುಕೊಟ್ಟ 200 ಎಕರೆಯಲ್ಲಿ, ರಾಜ್ಯದ ಹೊಕ್ಕುಳಿನಂಥ ಜಾಗದಲ್ಲಿ. ಅದರ ಸುತ್ತ ಬೆಳೆದ ಊರಿಗೆ ಹೆಸರೂ ‘ಸ್ಟೇಟ್ ಕಾಲೇಜ್’. ಶನಿವಾರ ಪಂದ್ಯವಿದ್ದರೆ ಲಕ್ಷಕ್ಕೂ ಹೆಚ್ಚು ಜನ ಅಲ್ಲಿ ಸೇರುತ್ತಾರೆ. ಬೇರೆ ಮನರಂಜನೆಯಿಲ್ಲ, ಬೇರೆ ತಂಡವಿಲ್ಲ. ಇಡೀ ಸೀಮೆಗೆ ಅದೇ ಜಾತ್ರೆ, ಅದೇ ತೇರು.

ಮಹಾನಗರದಲ್ಲಿ ಪರಿಸ್ಥಿತಿ ತಿರುವುಮುರುವು. ಲಾಸ್ ಏಂಜಲಿಸ್‌ನಲ್ಲಿ ವೃತ್ತಿಪರ ತಂಡಗಳೇ ರಾಶಿ ಬಿದ್ದಿವೆ. ಕಾಲೇಜು ತಂಡ ಸೋತರೆ ಊರಿಗೆ ಗೊತ್ತೂ ಆಗುವುದಿಲ್ಲ. ಯುಸಿಎಲ್‌ಎ ತಂಡ 1982ರಿಂದ ‘ತವರಿನ’ ಪಂದ್ಯಗಳನ್ನು ಆಡುತ್ತ ಬಂದದ್ದು ಕ್ಯಾಂಪಸ್‌ನಿಂದ ಸುಮಾರು 40 ಕಿಲೋಮೀಟರ್ ದೂರದ ಪಸಡೀನಾದಲ್ಲಿ. ಆ ನಗರದ ಟ್ರಾಫಿಕ್ ಕಂಡವರಿಗೆ ಇದರರ್ಥ ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನವರಿಗಂತೂ ಬೇಡವೇ ಬೇಡ.

ಕಾಲೇಜು ಊರುಗಳೆಲ್ಲ ಹಳ್ಳಿಗಳೆಂದೂ ತಿಳಿಯಬಾರದು. ಆಸ್ಟಿನ್, ಕೊಲಂಬಸ್, ಮ್ಯಾಡಿಸನ್ ಮೂರೂ ರಾಜ್ಯ ರಾಜಧಾನಿಗಳು.

“ಚೆಂದದ ಊರು ಕೋಚ್‌ನನ್ನು ಎಳೆದು ತರುತ್ತದೆ”

ಈ ನಂಬಿಕೆಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಅದನ್ನು ಹುಟ್ಟಿಸುವಷ್ಟು ಚೆಂದದ ಊರುಗಳು ಇವೆ. ಮಿಸಿಸಿಪ್ಪಿಯ ಆಕ್ಸ್‌ಫರ್ಡ್ ಕಾದಂಬರಿಕಾರ ವಿಲಿಯಂ ಫಾಕ್ನರ್ ಬಾಳಿದ ಊರು. ನಡುವೆ ಕೋರ್ಟು ಕಟ್ಟಡ, ಸುತ್ತ ಚೌಕ, ಪುಸ್ತಕದಂಗಡಿ. ಅಲ್ಲಿನ ವಿಶ್ವವಿದ್ಯಾಲಯದೊಳಗೆ ಓಕ್ ಮರಗಳ ಒಂದು ತೋಪಿದೆ, ‘ದಿ ಗ್ರೋವ್’, ಸುಮಾರು ಹತ್ತು ಎಕರೆ. ಪಂದ್ಯದ ಹಿಂದಿನ ರಾತ್ರಿ ಜನ ಜಾಗ ಹಿಡಿಯಲು ಓಡುತ್ತಾರೆ. ಬೆಳಗಾಗುವಷ್ಟರಲ್ಲಿ ತೋಪಿನ ತುಂಬ ಕೆಂಪು, ನೀಲಿ ಶಾಮಿಯಾನಗಳು. ಒಳಗೆ ಬಿಳಿ ಮೇಜುವಸ್ತ್ರ, ಬೆಳ್ಳಿ ತಟ್ಟೆ. ಕೆಲವದರ ಮಾಡಿಗೆ ಗಾಜಿನ ತೂಗುದೀಪ ಬೇರೆ. ಗಂಡಸರು ಟೈ ಕಟ್ಟಿರುತ್ತಾರೆ, ಹೆಂಗಸರು ಮದುವೆಗೆ ಹೊರಟಂತಿರುತ್ತಾರೆ. ಹುರಿದ ಕೋಳಿ ತಿಂದು ಮುಗಿದ ಮೇಲೆ ಆಟ ನೋಡಲು ಹೋದರೂ ಹೋದರು.

2020ರ ಸೀಸನ್‌ಗೆ ಈ ಊರಿಗೆ ಬಂದ ಲೇನ್ ಕಿಫಿನ್ ಮೊದಲು ಲಾಸ್ ಏಂಜಲಿಸ್‌ನ ಯುಎಸ್‌ಸಿ ತಂಡದ ಕೋಚ್ ಆಗಿದ್ದವರು. 2013ರಲ್ಲಿ ಒಂದು ಪಂದ್ಯ ಸೋತು ಮರಳಿದ ರಾತ್ರಿ, ವಿಮಾನ ನಿಲ್ದಾಣದಲ್ಲೇ ಅವರನ್ನು ತಂಡದ ಬಸ್ಸಿನಿಂದ ಕೆಳಗಿಳಿಸಿ ಕೆಲಸದಿಂದ ತೆಗೆದದ್ದು ಕುಖ್ಯಾತ ಘಟನೆ. ಆಕ್ಸ್‌ಫರ್ಡ್‌ನಲ್ಲಿ ಅವರು ಕುಡಿತ ಬಿಟ್ಟರು, ಯೋಗಕ್ಕೆ ಹೋದರು, ಕುಟುಂಬ ಹತ್ತಿರ ಬಂತು. ಈ ಊರು ತನ್ನನ್ನು ಬದಲಿಸಿತು ಎಂಬ ಧಾಟಿಯಲ್ಲೇ ಮಾತಾಡುತ್ತಿದ್ದರು. 2025ರಲ್ಲಿ ತಂಡ 12 ಪಂದ್ಯಗಳಲ್ಲಿ 11 ಗೆದ್ದು, ರಾಷ್ಟ್ರೀಯ ಪ್ರಶಸ್ತಿಯ ಪ್ಲೇಆಫ್‌ಗೆ ಕಾಲಿಡುವುದರಲ್ಲಿತ್ತು.

ಅಷ್ಟರಲ್ಲಿ ಎಲ್‌ಎಸ್‌ಯುನಿಂದ ಕರೆ ಬಂತು. ಆ ವಿಶ್ವವಿದ್ಯಾಲಯ ಇರುವುದು ಲೂಸಿಯಾನಾ ರಾಜ್ಯದ ಬ್ಯಾಟನ್ ರೂಜ್‌ನಲ್ಲಿ. ಸೆಖೆ, ಪೆಟ್ರೋಲಿಯಂ ಸಂಸ್ಕರಣಾ ಘಟಕ, ಕಿರಿಕಿರಿ ಟ್ರಾಫಿಕ್. ಚೆಂದದ ಕಾಲೇಜು ಊರುಗಳ ಪಟ್ಟಿಯಲ್ಲಿ ಅದನ್ನು ಆಕ್ಸ್‌ಫರ್ಡ್‌ಗಿಂತ ಮೇಲೆ ಬರೆಯುವವರು ಕಡಿಮೆ. ಕಿಫಿನ್ ನವೆಂಬರ್ 30ರಂದು ಅಲ್ಲಿಗೆ ಹೊರಟೇಬಿಟ್ಟರು.

ದುಡ್ಡಿಗಾಗಿ ಎನ್ನುತ್ತೀರಾ? ಆಕ್ಸ್‌ಫರ್ಡ್‌ನವರೂ ಕಡಿಮೆ ಕೊಡಲು ಹೊರಟಿರಲಿಲ್ಲ. ಎಲ್‌ಎಸ್‌ಯುವಿನಲ್ಲಿದ್ದದ್ದು ಬೇರೆ. ಲೂಸಿಯಾನಾ ಒಳ್ಳೆಯ ಆಟಗಾರರು ದಂಡಿಯಾಗಿ ಬೆಳೆಯುವ ನೆಲ, ಮತ್ತು ಇಡೀ ರಾಜ್ಯದಲ್ಲಿ ಆ ತಂಡಕ್ಕೆ ಸರಿಸಾಟಿ ಇನ್ನೊಂದಿಲ್ಲ. ಮಿಸಿಸಿಪ್ಪಿಯಲ್ಲಾದರೆ ಎರಡು ತಂಡಗಳು ಹುಡುಗರಿಗಾಗಿ ಕಿತ್ತಾಡಬೇಕು. ಎಲ್‌ಎಸ್‌ಯುವಿನಲ್ಲಿ ಸೇಬನ್ 2003ರಲ್ಲಿ, ಲೆಸ್ ಮೈಲ್ಸ್ 2007ರಲ್ಲಿ, ಎಡ್ ಆರ್ಜರಾನ್ 2019ರಲ್ಲಿ ಚಾಂಪಿಯನ್ ಆದವರು: ಒಬ್ಬರ ಹಿಂದೆ ಒಬ್ಬರು ಬಂದ ಮೂವರು ಕೋಚ್‌ಗಳು, ಮೂವರಿಗೂ ಕಿರೀಟ. ಕೋಚ್ ನೋಡುವ ಭೂಪಟದಲ್ಲಿ ಚೌಕ, ಪುಸ್ತಕದಂಗಡಿಗಳು ಇರುವುದಿಲ್ಲ. ನಾಲ್ಕೈದು ಗಂಟೆ ಕಾರಿನ ಹಾದಿಯೊಳಗೆ ಎಷ್ಟು ಒಳ್ಳೆಯ ಹೈಸ್ಕೂಲು ತಂಡಗಳಿವೆ ಎಂಬುದಷ್ಟೇ ಇರುತ್ತದೆ.

ನೆಬ್ರಾಸ್ಕದ ಲಿಂಕನ್ ಇದಕ್ಕೆ ಇನ್ನೊಂದು ಮಗ್ಗುಲಿನ ಸಾಕ್ಷಿ. ನೆಮ್ಮದಿಯ ಊರು, ಜೀವ ಬಿಡುವ ಅಭಿಮಾನಿಗಳು. 1962ರಿಂದ ಅಲ್ಲಿ ಒಂದು ಪಂದ್ಯಕ್ಕೂ ಟಿಕೆಟ್ ಉಳಿದಿಲ್ಲ. ಐದು ರಾಷ್ಟ್ರೀಯ ಪ್ರಶಸ್ತಿ ಕಂಡ ತಂಡವದು. ಆದರೆ ರಾಜ್ಯದ ಜನಸಂಖ್ಯೆಯೇ ಸುಮಾರು 20 ಲಕ್ಷ; ಆಟಗಾರರನ್ನು ದೂರದಿಂದ ಒಲಿಸಿ ತರಬೇಕು. ಕೊನೆಯ ಪ್ರಶಸ್ತಿ ಬಂದದ್ದು 1997ರಲ್ಲಿ. ಆಮೇಲೆ ಬಂದ ಕೋಚ್‌ಗಳು ಒಬ್ಬೊಬ್ಬರಾಗಿ ಗಂಟು ಕಟ್ಟಿದರು.

“ಕೊಂಪೆಯಲ್ಲಿ ಗೆಲ್ಲಲಾಗದು”

ಕ್ಯಾನ್ಸಸ್ ರಾಜ್ಯದಲ್ಲೂ ಒಂದು ಮ್ಯಾನ್‌ಹಟನ್ ಇದೆ. ನ್ಯೂಯಾರ್ಕ್ ದೊಡ್ಡ ಸೇಬಾದರೆ ತಾವು ಚಿಕ್ಕ ಸೇಬು ಎಂದು ಊರಿನವರೇ ತಮಾಷೆ ಮಾಡಿಕೊಳ್ಳುತ್ತಾರೆ. 1989ರಲ್ಲಿ ಬಿಲ್ ಸ್ನೈಡರ್ ಅಲ್ಲಿಗೆ ಹೋದಾಗ ತಂಡ ಎರಡು ಸೀಸನ್‌ಗೂ ಮಿಕ್ಕಿ ಒಂದೇ ಒಂದು ಪಂದ್ಯ ಗೆದ್ದಿರಲಿಲ್ಲ. ಎರಡು ಕಂತಿನಲ್ಲಿ ಕೆಲಸ ಮಾಡಿ ಅವರು 215 ಪಂದ್ಯ ಗೆದ್ದುಕೊಟ್ಟರು. ಈಗ ಸ್ಟೇಡಿಯಂಗೆ ಅವರ ಕುಟುಂಬದ ಹೆಸರಿದೆ.

ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್ ಕನ್ನಡಿಗರಿಗೆ ತೀರಾ ಅಪರಿಚಿತವಲ್ಲ, ಎ.ಕೆ. ರಾಮಾನುಜನ್ 1963ರಲ್ಲಿ ಭಾಷಾಶಾಸ್ತ್ರದಲ್ಲಿ ಪಿಎಚ್‌ಡಿ ಪಡೆದದ್ದು ಅಲ್ಲೇ. ಬ್ಯಾಸ್ಕೆಟ್‌ಬಾಲ್‌ಗೆ ಹೆಸರಾದ ಆ ಊರಲ್ಲಿ ಫುಟ್‌ಬಾಲ್ ತಂಡ ಮಾತ್ರ ಸೋಲಿಗೇ ಮನೆಮಾತಾಗಿತ್ತು. 2023ರಲ್ಲಿ ಮೂರು ಗೆಲುವು, ಒಂಬತ್ತು ಸೋಲು. ಆ ವರ್ಷದ ಕೊನೆಗೆ ಬಂದ ಕರ್ಟ್ ಸಿಗ್ನೆಟಿಗೆ ಆಗಲೇ 62 ವರ್ಷ. ಮರುವರ್ಷವೇ 11 ಗೆಲುವು. 2026ರ ಜನವರಿಯಲ್ಲಿ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು, ಸೋಲಿಸಿದ್ದು ಯಾರನ್ನು? ಮಿಯಾಮಿಯನ್ನು, ಅದೂ ಮಿಯಾಮಿಯ ತವರು ಮೈದಾನದಲ್ಲಿ. ಊರು ಬದಲಾಗಿರಲಿಲ್ಲ, ಹವೆಯೂ ಅದೇ. ಕಾಲ ಬದಲಾಗಿತ್ತು: 2021ರಿಂದ ಆಟಗಾರರು ತಮ್ಮ ಹೆಸರಿನಿಂದ ದುಡಿಯಬಹುದು, ಒಂದು ವಿಶ್ವವಿದ್ಯಾಲಯ ಬಿಟ್ಟು ಇನ್ನೊಂದಕ್ಕೆ ಸೇರಿ ಕೂಡಲೇ ಆಡಬಹುದು. ಕೈಬಿಚ್ಚಿ ಕೊಡುವ ಹಳೆಯ ವಿದ್ಯಾರ್ಥಿಗಳಿದ್ದರೆ ಜೋಳದ ಹೊಲದ ನಡುವಿನ ಊರಿಗೂ ಆಟಗಾರರು ಬರುತ್ತಾರೆ.

ಹವಾಮಾನಕ್ಕೆ ಲೆಕ್ಕವೇ ಇಲ್ಲ ಎಂದೇನೂ ಅಲ್ಲ. ಬ್ಯಾಸ್ಕೆಟ್‌ಬಾಲ್ ಕೋಚ್ ಜಾನ್ ವುಡನ್ 1948ರಲ್ಲಿ ಯುಸಿಎಲ್‌ಎಗೆ ಹೋದ ಕಥೆ ಪ್ರಸಿದ್ಧ. ಅವರ ಮನಸ್ಸಿದ್ದದ್ದು ಮಿನೆಸೋಟಾದ ಮೇಲೆ. ಹಿಮಬಿರುಗಾಳಿಗೆ ಟೆಲಿಫೋನ್ ಕೆಟ್ಟು ಅಲ್ಲಿಂದ ಬರಬೇಕಿದ್ದ ಕರೆ ಸಮಯಕ್ಕೆ ಬರಲಿಲ್ಲ. ಅಷ್ಟರಲ್ಲಿ ಯುಸಿಎಲ್‌ಎಗೆ ಮಾತು ಕೊಟ್ಟಾಗಿತ್ತು. ಕೊಟ್ಟ ಮಾತಿಗೆ ತಪ್ಪಲಿಲ್ಲ, ಮುಂದೆ ಅಲ್ಲೇ ಹತ್ತು ಪ್ರಶಸ್ತಿ ಗೆದ್ದರು. ಚಳಿ ಕೋಚ್‌ನನ್ನು ತಡೆದ ಉದಾಹರಣೆ ಕೇಳಿದರೆ ನಾನು ಇದನ್ನೇ ಕೊಡುವುದು.

“ಅಗ್ಗದ ಊರಾದರೆ ಸಂಬಳ ಉಳಿಯುತ್ತದೆ”

ಕೋಟಿ ಡಾಲರ್ ತೆಗೆದುಕೊಳ್ಳುವ ಮುಖ್ಯ ಕೋಚ್‌ಗೆ ಹಾಲು, ಬಾಡಿಗೆಯ ದರ ಕಟ್ಟಿಕೊಂಡು ಏನಾಗಬೇಕು? ಅವರಿಗೆ ತಟ್ಟುವುದು ತೆರಿಗೆ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಆದಾಯ ತೆರಿಗೆಯೇ ಮೇಲಿನ ಹಂತದಲ್ಲಿ ಶೇ 13.3, ಟೆಕ್ಸಾಸ್, ಫ್ಲಾರಿಡಾ, ಟೆನೆಸಿಯಲ್ಲಿ ಸಂಬಳದ ಮೇಲೆ ಸೊನ್ನೆ.

ಊರು ನಿಜವಾಗಿ ಬಾಧಿಸುವುದು ಪತ್ರಿಕೆಯಲ್ಲಿ ಹೆಸರು ಬಾರದ ಸಹಾಯಕ ಕೋಚ್‌ಗಳನ್ನು. ಒಂದೆರಡು ವರ್ಷದ ಕರಾರು, ಮುಖ್ಯ ಕೋಚ್ ಹೋದರೆ ಇವರೂ ಹೋಗಬೇಕು. ಕೆಲವರ ಮನೆಯಲ್ಲಿ ರಟ್ಟಿನ ಪೆಟ್ಟಿಗೆ ಪೂರ್ತಿ ಬಿಚ್ಚುವ ಮೊದಲೇ ಮತ್ತೆ ಕಟ್ಟುವ ಹೊತ್ತು ಬಂದಿರುತ್ತದೆ. ಸಣ್ಣ ಊರಲ್ಲಿ ವಿಶ್ವವಿದ್ಯಾಲಯ ಬಿಟ್ಟರೆ ಬೇರೆ ದೊಡ್ಡ ಕಚೇರಿಯಿಲ್ಲ. ಹೆಂಡತಿ ವಕೀಲೆಯೋ ಇಂಜಿನಿಯರೋ ಆಗಿದ್ದರೆ ಅವಳ ಕೆಲಸ ಅಲ್ಲಿಗೆ ನಿಂತಿತು. ಸರ್ಕಾರಿ ವರ್ಗಾವಣೆಯಲ್ಲಿ ಮಕ್ಕಳ ಟಿಸಿ ಹಿಡಿದು ಊರೂರು ಅಲೆದ ನಮ್ಮ ಮನೆಗಳಿಗೆ ಈ ಸಂಕಟ ಗೊತ್ತು. ಒಬ್ಬ ಮುಖ್ಯ ಕೋಚ್‌ಗೆ ಒಳ್ಳೆಯ ಸಹಾಯಕರು ಸಿಗುತ್ತಾರೋ ಇಲ್ಲವೋ ಎಂಬುದು ಎಷ್ಟೋ ಸಲ ತೀರ್ಮಾನವಾಗುವುದು ಅಡುಗೆಮನೆಯ ಈ ಮಾತುಕತೆಯಲ್ಲಿ.

“ಸಣ್ಣ ಊರು, ಪ್ರಶಾಂತ ಬದುಕು”

ಕೆಲವರಿಗೆ ಹೌದು. ವಾಷಿಂಗ್ಟನ್ ರಾಜ್ಯದ ಗೋಧಿ ಗುಡ್ಡಗಳ ನಡುವಿನ ಪುಲ್‌ಮನ್‌ನಲ್ಲಿ ಮೈಕ್ ಲೀಚ್ 2012ರಿಂದ 2019ರವರೆಗೆ ಕೋಚ್ ಆಗಿದ್ದರು. ಕಾನೂನು ಓದಿ ಫುಟ್‌ಬಾಲ್‌ಗೆ ಬಂದ ವಿಚಿತ್ರ ಆಸಾಮಿ. ಮನೆಯಿಂದ ಆಫೀಸಿಗೆ ಐದೂವರೆ ಕಿಲೋಮೀಟರ್ ನಡೆದೇ ಹೋಗುತ್ತಿದ್ದರು, ಮಂಜು ಬೀಳುವಾಗಲೂ. ಕನೆಕ್ಟಿಕಟ್‌ನ ಸ್ಟಾರ್ಸ್ ಎಂಬ ಹಳ್ಳಿಯಂಥ ಊರಲ್ಲಿ 2023, 2024ರಲ್ಲಿ ಸತತ ಬ್ಯಾಸ್ಕೆಟ್‌ಬಾಲ್ ಪ್ರಶಸ್ತಿ ಗೆದ್ದ ಡ್ಯಾನ್ ಹರ್ಲಿ, ಲಾಸ್ ಏಂಜಲಿಸ್‌ನ ಲೇಕರ್ಸ್ ಎಂಬ ವೃತ್ತಿಪರ ತಂಡ ಕರೆದರೂ ಹೋಗಲಿಲ್ಲ. ಬರುವಾಗ ಊರನ್ನು ಯಾರೂ ಅಷ್ಟಾಗಿ ನೋಡುವುದಿಲ್ಲ. ಉಳಿಯುವಾಗ ಅದು ತಕ್ಕಡಿಯಲ್ಲಿ ಕೂರುತ್ತದೆ ಎಂಬುದು ನನ್ನ ಅನಿಸಿಕೆ.

ಆದರೆ ಸಣ್ಣ ಊರಲ್ಲಿ ಸೋತರೆ ಅಡಗಿಕೊಳ್ಳಲು ಜಾಗವಿಲ್ಲ. ಪೆಟ್ರೋಲ್ ಬಂಕು, ಚರ್ಚು, ಮಗುವಿನ ಶಾಲೆಯ ಗೇಟು, ಎಲ್ಲೆಲ್ಲೂ ಅದೇ ಮುಖಗಳು. 1988ರಲ್ಲಿ ಇದೇ ಟಸ್ಕಲೂಸಾದಲ್ಲಿ ತವರಿನ ಪಂದ್ಯವೊಂದು ಸೋತ ಮೇಲೆ ಬಿಲ್ ಕರಿ ಎಂಬ ಕೋಚ್‌ನ ಆಫೀಸಿನ ಕಿಟಕಿಯಿಂದ ಇಟ್ಟಿಗೆ ತೂರಿ ಬಂತು. ಮರುವರ್ಷ ಅವರು ಹತ್ತು ಪಂದ್ಯ ಗೆದ್ದರು, ಗೆದ್ದೂ ಊರು ಬಿಟ್ಟು ಕೆಂಟಕಿಗೆ ಹೋದರು.

ಕಿಫಿನ್ ಹೊರಟ ದಿನ ಆಕ್ಸ್‌ಫರ್ಡ್‌ನ ವಿಮಾನ ನಿಲ್ದಾಣದಲ್ಲೂ ಜನ ಸೇರಿದ್ದರು. ತಬ್ಬಿಕೊಳ್ಳಲು ಬಂದವರಲ್ಲ, ಬೈಗುಳ, ಧಿಕ್ಕಾರ, ಬೆರಳೆತ್ತಿ ಮಾಡಿದ ಸನ್ನೆ. ವಿಮಾನ ಬ್ಯಾಟನ್ ರೂಜ್ ಕಡೆ ಹಾರಿತು. ಮೂರು ವಾರ ಕಳೆದು, ಅವರಿಲ್ಲದ ತಂಡ ಅದೇ ಊರಲ್ಲಿ ಪ್ಲೇಆಫ್‌ನ ಮೊದಲ ಪಂದ್ಯ ಆಡಿ, ಟುಲೇನ್ ತಂಡವನ್ನು ಸುಲಭವಾಗಿ ಸೋಲಿಸಿತು.