ವಿದ್ಯುತ್ ಗಿಟಾರಿನ ಪಿಕಪ್: ನಿಷ್ಕ್ರಿಯವೂ ಸಕ್ರಿಯವೂ

ವಿದ್ಯುತ್ ಗಿಟಾರನ್ನು ನುಡಿಸುವವರಲ್ಲಿ ಬಹುಕಾಲದಿಂದ ಒಂದು ವಾದ ನಡೆದುಬಂದಿದೆ. ತಂತಿಗಳ ಕೆಳಗೆ ಕೂಡಿಸುವ ಪಿಕಪ್ ‘ನಿಷ್ಕ್ರಿಯ’ವಾಗಿರಬೇಕೆ, ‘ಸಕ್ರಿಯ’ವಾಗಿರಬೇಕೆ ಎಂಬುದೇ ಆ ವಾದ. ಮೊದಲಿನದರಲ್ಲಿ ಜೀವವಿದೆ, ಎರಡನೆಯದರಲ್ಲಿ ಬರಿಯ ಬಲವಿದೆ ಎಂದು ಒಂದು ಪಕ್ಷ. ಮೊದಲಿನದು ಹಳತು, ಎರಡನೆಯದು ಶುದ್ಧ ಎಂದು ಇನ್ನೊಂದು ಪಕ್ಷ. ಎರಡು ಪಕ್ಷದವರೂ ಪಿಕಪ್ಪನ್ನೇ ದಿಟ್ಟಿಸುತ್ತಾರೆಯೇ ಹೊರತು, ಗಿಟಾರಿನಿಂದ ಹೊರಟು ನೆಲದ ಮೇಲೆ ಹರಿದು ಧ್ವನಿವರ್ಧಕವನ್ನು ಸೇರುವ ಕೇಬಲನ್ನು ಲೆಕ್ಕಕ್ಕೆ ಹಿಡಿಯುವುದು ಅಪೂರ್ವ. ಆದರೆ ವ್ಯತ್ಯಾಸದ ಬಹುಭಾಗ ಅಡಗಿರುವುದು ಆ ಕೇಬಲಿನಲ್ಲಿಯೇ.

ಪದಗಳ ಬಗೆಗೆ ಒಂದು ಮಾತು. ಪಿಕಪ್ ಎಂಬುದನ್ನು ‘ಗ್ರಾಹಕ’ವೆಂದು ಕನ್ನಡಿಸಬಹುದು, ಅಂಗಡಿಗಳಲ್ಲಿಯೂ ಬ್ಯಾಂಕುಗಳಲ್ಲಿಯೂ ಆ ಪದಕ್ಕೆ ಬೇರೊಂದು ಅರ್ಥ ನೆಲೆಯೂರಿರುವುದರಿಂದ ಇಲ್ಲಿ ಪಿಕಪ್ ಎಂದೇ ಇಟ್ಟುಕೊಂಡಿದೆ. ‘ನಿಷ್ಕ್ರಿಯ’ ಎಂಬ ಪದವೂ ಓದುಗರನ್ನು ತಪ್ಪುದಾರಿಗೆ ಎಳೆಯಬಹುದು. ನಿಷ್ಕ್ರಿಯ ಪಿಕಪ್ ಕೆಲಸವಿಲ್ಲದೆ ಕುಳಿತಿರುವುದಲ್ಲ. ತಂತಿಯ ಚಲನೆಯಿಂದ ವಿದ್ಯುತ್ತನ್ನು ಹುಟ್ಟಿಸುವ ಕೆಲಸವೆಲ್ಲ ಅದರದೇ. ಹೊರಗಿನಿಂದ ಯಾವ ವಿದ್ಯುದಾಧಾರವನ್ನೂ ಅದು ಬೇಡುವುದಿಲ್ಲ ಎಂಬಷ್ಟೇ ಆ ವಿಶೇಷಣದ ಅರ್ಥ. ಸಕ್ರಿಯ ಪಿಕಪ್ಪಿಗೆ ಬ್ಯಾಟರಿ ಬೇಕು.

ಎರಡಕ್ಕೂ ಮೂಲವಾದ ತತ್ತ್ವ 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತ ಪ್ರೇರಣೆ. ಒಂದು ಅಯಸ್ಕಾಂತ; ಅದರ ಸುತ್ತ ತಾಮ್ರದ ನವಿರಾದ ಎಳೆಯ ಸುರುಳಿ. ಮೇಲೆ ಹಾದುಹೋಗುವ ಉಕ್ಕಿನ ತಂತಿಗೆ ಅಯಸ್ಕಾಂತದ ಗುಣ ಅಂಟಿಕೊಳ್ಳುತ್ತದೆ. ಆ ತಂತಿ ಕಂಪಿಸಿದಾಗ ಸುರುಳಿಯೊಳಗಣ ಕಾಂತಕ್ಷೇತ್ರ ಏರಿಳಿಯುತ್ತದೆ. ಏರಿಳಿತದ ವೇಗಕ್ಕೆ ಅನುಗುಣವಾಗಿ ಸುರುಳಿಯ ಎರಡು ತುದಿಗಳ ನಡುವೆ ವೋಲ್ಟೇಜು ಹುಟ್ಟುತ್ತದೆ. ಐದನೆಯ ತಂತಿ ಸೆಕೆಂಡಿಗೆ 110 ಸಲ ಕಂಪಿಸಿದರೆ ವಿದ್ಯುತ್ತೂ 110 ಸಲ ತೂಗಾಡುತ್ತದೆ. ಮೈಕ್ರೊಫೋನಿನಂತೆ ಗಾಳಿಯಲ್ಲಿ ಹರಡಿದ ನಾದವನ್ನು ಪಿಕಪ್ ಕೇಳುವುದಿಲ್ಲವೆಂಬುದನ್ನು ನೆನಪಿಡಬೇಕು. ಅದು ಅರಿಯುವುದು ಉಕ್ಕಿನ ಚಲನೆಯನ್ನು ಮಾತ್ರ. ನಮ್ಮ ವೀಣೆಗೆ ಈ ಬಗೆಯ ಪಿಕಪ್ ಸುಲಭವಾಗಿ ಒಗ್ಗದಿರುವುದಕ್ಕೆ ಕಾರಣವೂ ಇದೇ. ಉಕ್ಕಿನದಾದ ಸಾರಣಿ ಅದರಲ್ಲಿ ಸ್ಪಷ್ಟವಾಗಿ ನುಡಿಯುತ್ತದೆ. ಮಂದ್ರದ ಹಿತ್ತಾಳೆ ಅಥವಾ ಕಂಚಿನ ತಂತಿಯನ್ನು ಅಯಸ್ಕಾಂತ ಗಣನೆಗೇ ತೆಗೆದುಕೊಳ್ಳುವುದಿಲ್ಲ. ಮರದ ಮೈಗೆ ತಾಗಿಸುವ ಬೇರೆ ಬಗೆಯ ಉಪಕರಣವನ್ನು ವೈಣಿಕರು ಆಶ್ರಯಿಸುವುದು ಸಕಾರಣವಾಗಿದೆ.

ಗಿಟಾರಿಗೆ ಈ ಸಾಧನ ಬಂದದ್ದು ಅಗತ್ಯದಿಂದ. ಅಮೆರಿಕದ ವಾದ್ಯವೃಂದಗಳಲ್ಲಿ ಕಹಳೆ, ಮೃದಂಗಗಳ ಜಾತಿಯ ವಾದ್ಯಗಳ ಅಬ್ಬರದಲ್ಲಿ ಗಿಟಾರಿನ ದನಿ ಮುಳುಗಿಹೋಗುತ್ತಿತ್ತು. ಜಾರ್ಜ್ ಬೋಷಾಂ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ 1930ರ ದಶಕದ ಆರಂಭದಲ್ಲಿ ಕಾವಲಿಯ ಆಕಾರದ ಒಂದು ಲೋಹದ ಗಿಟಾರಿಗೆ ಅಯಸ್ಕಾಂತದ ಪಿಕಪ್ಪನ್ನು ಜೋಡಿಸಿ ಮಾರಾಟಕ್ಕೆ ತಂದರು. ಅದರ ಪೇಟೆಂಟು ಬೋಷಾಂ ಹೆಸರಿಗೆ ದೊರೆತುದು 1937ರಲ್ಲಿ. ಗಿಬ್ಸನ್ ಸಂಸ್ಥೆ 1936ರಲ್ಲಿ ಹೊರತಂದ ಇಎಸ್-150 ಎಂಬ ಗಿಟಾರನ್ನು ಚಾರ್ಲಿ ಕ್ರಿಶ್ಚಿಯನ್ ಕೈಗೆತ್ತಿಕೊಂಡ ಮೇಲೆ, ಮೇಳದ ಹಿಂದೆ ತಾಳ ಹಿಡಿಯುತ್ತಿದ್ದ ವಾದ್ಯ ಮುಂದೆ ಬಂದು ಒಂಟಿಯಾಗಿ ಹಾಡತೊಡಗಿತು.

ಆ ಕಾಲದ ಪಿಕಪ್ಪುಗಳೆಲ್ಲ ನಿಷ್ಕ್ರಿಯವಾದುವು. 1954ರಲ್ಲಿ ಬಂದ ಫೆಂಡರ್ ಸ್ಟ್ರಾಟೊಕಾಸ್ಟರಿನ ಒಂದು ಪಿಕಪ್ಪನ್ನು ಬಿಚ್ಚಿದರೆ, ಕೂದಲೆಳೆಯಷ್ಟೇ ದಪ್ಪದ, ಎಂದರೆ ಒಂದು ಮಿಲಿಮೀಟರಿನ ಸುಮಾರು ಹದಿನಾರರಲ್ಲಿ ಒಂದು ಭಾಗದಷ್ಟು ದಪ್ಪದ ತಾಮ್ರದ ಎಳೆಯನ್ನು ಎಂಟು ಸಾವಿರದ ಆಸುಪಾಸಿನ ಸುತ್ತುಗಳಲ್ಲಿ ಸುತ್ತಿರುವುದು ಕಾಣುತ್ತದೆ. ನೇರ ಮಾಡಿದರೆ ಒಂದು ಕಿಲೊಮೀಟರಿಗೆ ಕಡಿಮೆಯಾಗದು. ಇಷ್ಟೊಂದು ಸುತ್ತೇಕೆ? ಪ್ರತಿಯೊಂದು ಸುತ್ತಿನಲ್ಲಿಯೂ ಹುಟ್ಟುವ ವೋಲ್ಟೇಜು ಅತ್ಯಲ್ಪ. ಸುತ್ತುಗಳು ಕೂಡಿದಂತೆ ಅದೂ ಕೂಡುತ್ತದೆ. ಸಾವಿರಾರು ಸುತ್ತುಗಳಾದ ಮೇಲೆ ಒಂದು ವೋಲ್ಟಿನ ಹತ್ತನೆಯ ಒಂದು ಭಾಗದಷ್ಟು, ಬಲವಾಗಿ ಮೀಟಿದಾಗ ಇನ್ನೂ ಹೆಚ್ಚು, ಹೊರಬರುತ್ತದೆ.

ಈ ಸಂಪಾದನೆಗೆ ತೆರಬೇಕಾದ ಬೆಲೆಗಳು ಎರಡು. ಮೊದಲನೆಯದು ಗುಂಯ್‌ಗುಡುವ ಸದ್ದು. ತಂತಿಯ ಚಲನೆಗೆ ಓಗೊಡುವ ಸುರುಳಿ, ಗೋಡೆಯೊಳಗಣ ವಿದ್ಯುತ್ ಮಾರ್ಗಕ್ಕೂ ದೀಪಗಳಿಗೂ ಓಗೊಡುತ್ತದೆ. ನಮ್ಮಲ್ಲಿ ಆ ಸದ್ದು ಸೆಕೆಂಡಿಗೆ 50 ಆವರ್ತನದ್ದು, ಅಮೆರಿಕದಲ್ಲಿ 60ರದು. ಗಿಬ್ಸನ್ ಸಂಸ್ಥೆಯ ಸೆತ್ ಲವರ್ 1955ರಲ್ಲಿ ಇದಕ್ಕೆ ಸೊಗಸಾದ ಪರಿಹಾರವೊಂದನ್ನು ರೂಪಿಸಿದರು. ಎರಡು ಸುರುಳಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಂದರ ಸುತ್ತಿನ ದಿಕ್ಕನ್ನೂ ಅದರ ಅಯಸ್ಕಾಂತದ ಧ್ರುವವನ್ನೂ ತಿರುವುಮುರುವು ಮಾಡಿದರು. ತಂತಿಯ ಸಂಕೇತ ಎರಡು ಸಲ ತಿರುವಿಗೆ ಒಳಗಾಗಿ ಮತ್ತೆ ಮೊದಲಿನಂತೆ ನಿಂತು ಕೂಡಿಕೊಳ್ಳುತ್ತದೆ. ಹೊರಗಿನ ಸದ್ದಿಗೆ ಅಯಸ್ಕಾಂತದ ಹಂಗಿಲ್ಲದುದರಿಂದ ಅದು ಒಂದೇ ಸಲ ತಿರುವಿಗೆ ಒಳಗಾಗಿ ಪರಸ್ಪರ ಅಳಿಸಿಹೋಗುತ್ತದೆ. ಪೇಟೆಂಟು 1959ರಲ್ಲಿ ದೊರೆಯಿತು. ‘ಹಂಬಕರ್’ ಎಂಬ ಈ ಪಿಕಪ್ಪು ಕೂಡ ನಿಷ್ಕ್ರಿಯವೇ. ಸದ್ದಡಗಿಸಲು ಬ್ಯಾಟರಿಯೇ ಬೇಕೆಂಬ ನಂಬಿಕೆ ಇಂದಿಗೂ ಕೆಲವರಲ್ಲಿ ಇರುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ.

ಎರಡನೆಯ ಬೆಲೆ ಕಣ್ಣಿಗೆ ಕಾಣದು. ಸುತ್ತು ಹೆಚ್ಚಿದಷ್ಟೂ ಸುರುಳಿ ತನ್ನಲ್ಲಿ ಹರಿಯುವ ಪ್ರವಾಹದ ಬದಲಾವಣೆಯನ್ನು ತಡೆಯುತ್ತದೆ. ಈ ಜಡತ್ವವನ್ನು ಹೆನ್ರಿ ಎಂಬ ಮಾನದಿಂದ ಅಳೆಯುತ್ತಾರೆ. ಸ್ಟ್ರಾಟೊಕಾಸ್ಟರಿನ ಪಿಕಪ್ಪಿಗೆ ಇದು ಎರಡೂವರೆ ಹೆನ್ರಿಯ ಸುಮಾರು ಎಂದಿಟ್ಟುಕೊಳ್ಳಬಹುದು. ನಿಂತ ವಿದ್ಯುತ್ತಿಗೆ ಅದರ ರೋಧ ಆರು ಸಾವಿರ ಓಮ್ ಮಾತ್ರ. ಸೆಕೆಂಡಿಗೆ 4000 ಆವರ್ತನದ ತಾರಸ್ಥಾಯಿಯ ಅಂಶಗಳಿಗೆ ಅದೇ ಸುರುಳಿ ಅರುವತ್ತು ಸಾವಿರ ಓಮಿಗೂ ಮೀರಿ ಅಡ್ಡಿಯಾಗುತ್ತದೆ. ಲೆಕ್ಕದ ಪುಸ್ತಕದಲ್ಲಿ ಆಸ್ತಿ ಬಹಳವಿದ್ದು ಕೈಯಲ್ಲಿ ನಗದಿಲ್ಲದ ಗೃಹಸ್ಥನ ಸ್ಥಿತಿ ಇಂಥದು. ಯಾರೂ ಕೇಳದಿರುವವರೆಗೆ ಆತ ಸಿರಿವಂತ. ನಾಲ್ಕು ಜನ ಒಟ್ಟಿಗೆ ಕೈಯೊಡ್ಡಿದರೆ ನಿಜ ಹೊರಬೀಳುತ್ತದೆ. ಧ್ವನಿವರ್ಧಕ ಹೆಚ್ಚು ಕೇಳುವುದಿಲ್ಲ. ಅದರ ಬಾಗಿಲಿನ ರೋಧ ಸಾಮಾನ್ಯವಾಗಿ ಹತ್ತು ಲಕ್ಷ ಓಮ್. ಕೇಳುವುದು ಕೇಬಲ್.

ಕೇಬಲಿನ ನಡುವೆ ಒಂದು ಎಳೆ. ಅದರ ಸುತ್ತ ನಿರೋಧಕದ ಪದರ. ಅದರ ಮೇಲೆ ಹೆಣೆದ ಲೋಹದ ಕವಚ. ಎರಡು ಲೋಹಗಳು ನಿರೋಧಕವನ್ನು ನಡುವಿಟ್ಟುಕೊಂಡು ಎದುರುಬದುರಾಗಿ ನಿಂತರೆ ಅದು ವಿದ್ಯುತ್ತನ್ನು ತುಂಬಿಕೊಳ್ಳುವ ಧಾರಕವಾಗಿಬಿಡುತ್ತದೆ. ಮೀಟರಿಗೆ ಸುಮಾರು 100 ಪಿಕೊಫ್ಯಾರಡ್ ಎಂಬುದು ಸಾಧಾರಣವಾದ ಅಳತೆ. ಸುರುಳಿಯ ಜಡತ್ವ, ಕೇಬಲಿನ ಧಾರಕತೆ ಎರಡೂ ಕೂಡಿದಾಗ ಉಯ್ಯಾಲೆಯಂತೆ ತನ್ನದೇ ಒಂದು ಆವರ್ತನದಲ್ಲಿ ತೂಗುವ ಮಂಡಲ ಏರ್ಪಡುತ್ತದೆ. ಆ ಆವರ್ತನದ ಬಳಿಯ ಸ್ವರಾಂಶಗಳು ಉಬ್ಬುತ್ತವೆ. ಅದರಾಚೆಯವು ಬೇಗನೆ ಕುಸಿಯುತ್ತವೆ. ಗಿಟಾರಿನ ದನಿ ಗಾಜಿನಂತೆ ಹೊಳೆಯುತ್ತದೆ, ಜೇನಿನಂತೆ ಮಂದವಾಗಿದೆ ಎಂದು ರಸಿಕರು ವರ್ಣಿಸುವಾಗ ಬಹುಮಟ್ಟಿಗೆ ಈ ಉಬ್ಬಿನ ನೆಲೆಯನ್ನೇ ವರ್ಣಿಸುತ್ತಿರುತ್ತಾರೆ.

ಲೆಕ್ಕ ಹಾಕಿ ನೋಡಬಹುದು. ಎರಡೂವರೆ ಹೆನ್ರಿಯ ಸುರುಳಿ, ಅದರ ಸ್ವಂತ ಧಾರಕತೆ 100 ಪಿಕೊಫ್ಯಾರಡ್, ಐದು ಮೀಟರು ಕೇಬಲಿನದು 500. ಉಬ್ಬು 4100ರ ಬಳಿ ಬೀಳುತ್ತದೆ. ಅದೇ ಗಿಟಾರಿಗೆ ಹತ್ತು ಮೀಟರಿನ ಕೇಬಲನ್ನು ಸಿಕ್ಕಿಸಿದರೆ ಉಬ್ಬು 3000ಕ್ಕೆ ಇಳಿಯುತ್ತದೆ. ಮಾನವನ ಕಿವಿ ಅತ್ಯಂತ ಸೂಕ್ಷ್ಮವಾಗಿರುವ ಪ್ರದೇಶದಲ್ಲಿಯೇ ಈ ಜಾರಾಟ ನಡೆಯುತ್ತದೆ. ಮನೆಯ ಕೋಣೆಯಲ್ಲಿ ಮೆಚ್ಚಿ ಕೊಂಡ ದನಿ ದೊಡ್ಡ ವೇದಿಕೆಯ ಮೇಲೆ ಮಂಕಾಯಿತೆಂದು ವಾದಕನು ಗಿಟಾರನ್ನೋ ಸಭಾಂಗಣವನ್ನೋ ದೂರುತ್ತಾನೆ. ಅಪರಾಧಿ ಕಾಲ ಬಳಿ ಸುತ್ತಿಕೊಂಡು ಬಿದ್ದಿರುತ್ತದೆ. ಧ್ವನಿಯನ್ನು ತಗ್ಗಿಸುವ ಗುಂಡಿಯನ್ನು ತಿರುವಿದಾಗಲೂ ಇಂಥದೇ ಸಂಗತಿ. ಗುಂಡಿಯ ರೋಧ ಕೇಬಲಿನ ದಾರಿಯಲ್ಲಿ ಸೇರಿ, ದನಿ ಸಣ್ಣದಾಗುವುದರ ಜೊತೆಗೆ ಅದರ ಮೊನೆಯೂ ಮೊಂಡಾಗುತ್ತದೆ. ಇದನ್ನು ದೋಷವೆನ್ನುವವರುಂಟು; ಇದರಿಂದಲೇ ಒಂದು ಬಗೆಯ ಗಮಕವನ್ನು ಸಾಧಿಸಿದ ವಾದಕರೂ ಉಂಟು.

ಸಕ್ರಿಯ ಪಿಕಪ್ಪಿನ ಕರ್ತೃಗಳು ಗಂಟನ್ನು ಕತ್ತರಿಸಿದ್ದು ಇಲ್ಲಿ. ಸುರುಳಿಯ ಸುತ್ತುಗಳನ್ನು ಕಡಿಮೆ ಮಾಡಿದರು. ಸುತ್ತು ಅರ್ಧವಾದರೆ ಜಡತ್ವ ಕಾಲುಭಾಗಕ್ಕೆ ಇಳಿಯುತ್ತದೆ; ಹುಟ್ಟುವ ವೋಲ್ಟೇಜೂ ಇಳಿಯುತ್ತದೆ ನಿಜ. ಆ ಕೊರತೆಯನ್ನು ತುಂಬಲು ಗಿಟಾರಿನ ಒಡಲಿನಲ್ಲಿಯೇ ಒಂದು ಪುಟ್ಟ ವರ್ಧಕವನ್ನು ಕೂಡಿಸಿ ಒಂಬತ್ತು ವೋಲ್ಟಿನ ಬ್ಯಾಟರಿಯನ್ನು ಒದಗಿಸಿದರು. ಸಂಕೇತವನ್ನು ದೊಡ್ಡದು ಮಾಡುವುದು ಆ ವರ್ಧಕದ ಅರ್ಧ ಕೆಲಸ. ಹತ್ತು ಸಾವಿರ ಓಮಿನಷ್ಟು ಕಿರಿದಾದ ಒಳರೋಧದಿಂದ ಅದನ್ನು ಕೇಬಲಿಗೆ ಒಪ್ಪಿಸುವುದು ಉಳಿದರ್ಧ, ಮತ್ತು ಹೆಚ್ಚು ಮುಖ್ಯವಾದದ್ದು. ಈಗ ಹತ್ತು ಮೀಟರಿನ ಕೇಬಲ್ ಕೈಯೊಡ್ಡಿದರೂ ಅದರಿಂದ ಆಗುವ ನಷ್ಟ ಸೆಕೆಂಡಿಗೆ 15000 ಆವರ್ತನದ ಮೇಲಕ್ಕೆ ಸರಿಯುತ್ತದೆ. ಗಿಟಾರಿನ ಸ್ಪೀಕರು ಐದಾರು ಸಾವಿರದ ಆಚೆಗೆ ಹೇಗೂ ನುಡಿಯಲಾರದು. ಗುಂಡಿಗಳೂ ಬದಲಾಗುತ್ತವೆ: ನಿಷ್ಕ್ರಿಯಕ್ಕೆ ಎರಡೂವರೆ ಲಕ್ಷ ಅಥವಾ ಐದು ಲಕ್ಷ ಓಮಿನವು ರೂಢಿ, ಸಕ್ರಿಯಕ್ಕೆ ಇಪ್ಪತ್ತೈದು ಸಾವಿರದವು. ಹಳೆಯ ಗುಂಡಿಗಳನ್ನೇ ಇರಿಸಿಕೊಂಡು ಹೊಸ ಪಿಕಪ್ಪನ್ನು ಕೂಡಿಸಿದವರಿಗೆ, ಗುಂಡಿ ಮೆಲ್ಲಗೆ ಏರಿಳಿಯುವ ಬದಲು ದೀಪದ ಸ್ವಿಚ್ಚಿನಂತೆ ವರ್ತಿಸಿ ಬೇಸರ ಹುಟ್ಟಿಸುವುದುಂಟು.

ಸುತ್ತು ಕಡಿಮೆ ಮಾಡುವ ಯೋಚನೆ ಬ್ಯಾಟರಿಗಿಂತ ಹಳೆಯದು. ಪ್ರಸಿದ್ಧ ವಾದಕ ಲೆಸ್ ಪಾಲ್ ಅದರ ದೊಡ್ಡ ಪಕ್ಷಪಾತಿ. ಅವರ ಆಗ್ರಹದಿಂದ ಗಿಬ್ಸನ್ 1969ರಲ್ಲಿಯೂ 1971ರಲ್ಲಿಯೂ ಅಂಥ ಗಿಟಾರುಗಳನ್ನು ತಂದಿತು. ಅವುಗಳ ಪಿಕಪ್ಪಿಗೆ ಬ್ಯಾಟರಿಯಿರಲಿಲ್ಲ; ಸಾಮಾನ್ಯ ಧ್ವನಿವರ್ಧಕಕ್ಕೆ ಜೋಡಿಸಲು ಟ್ರಾನ್ಸ್‌ಫಾರ್ಮರು ಬೇಕಾಗಿತ್ತು. ಮುದ್ರಣಶಾಲೆಗೆ ಒಪ್ಪುವ ಶುಭ್ರವಾದ ದನಿ ಸಿಕ್ಕಿತಾದರೂ ಗಿರಾಕಿಗಳು ಹೆಚ್ಚು ಸಿಗಲಿಲ್ಲ. ಅದೇ ಸುಮಾರಿಗೆ ಕ್ಯಾಲಿಫೋರ್ನಿಯಾದ ಅಲೆಂಬಿಕ್ ಸಂಸ್ಥೆ ವಾದ್ಯದೊಳಗೆ ವರ್ಧಕವನ್ನಿಡುವ ಮಾರ್ಗವನ್ನು ಹಿಡಿಯಿತು. ಅದೇ ಪ್ರಾಂತ್ಯದಲ್ಲಿ ರಾಬ್ ಟರ್ನರ್ 1970ರ ದಶಕದಲ್ಲಿ ಆರಂಭಿಸಿದ, ಮುಂದೆ ಇಎಂಜಿ ಎಂದು ಹೆಸರಾದ ಸಂಸ್ಥೆ, ವರ್ಧಕವನ್ನು ಪಿಕಪ್ಪಿನ ಕವಚದೊಳಕ್ಕೇ ಸೇರಿಸಿ ಸಾಮಾನ್ಯ ಗಿಟಾರುಗಳಿಗೆ ಹೊಂದುವಂತೆ ಮಾಡಿತು. ಸಕ್ರಿಯ ಪಿಕಪ್ ಎಂದೊಡನೆ ಗಿಟಾರಿಗರ ಮನಸ್ಸಿಗೆ ಇಂದು ಬರುವುದು ಆ ಹೆಸರೇ.

ಹೊಸದಕ್ಕೂ ತನ್ನ ಮಿತಿಗಳಿವೆ. ಒಂಬತ್ತು ವೋಲ್ಟಿನ ಬ್ಯಾಟರಿಯ ಆಚೆಗೆ ಸಂಕೇತ ಏರಲಾರದು. ಬಲವಾದ ಮೀಟಿನಲ್ಲಿ ತುದಿ ಚಪ್ಪಟೆಯಾಗಬಹುದೆಂದು ಕೆಲವರು ಎರಡು ಬ್ಯಾಟರಿಗಳನ್ನು ಸಾಲಾಗಿ ಹಾಕಿ 18 ವೋಲ್ಟು ಮಾಡಿಕೊಳ್ಳುತ್ತಾರೆ. ಕೇಬಲನ್ನು ಸಿಕ್ಕಿಸಿದೊಡನೆ ಬ್ಯಾಟರಿ ದುಡಿಯತೊಡಗುವಂತೆ ಏರ್ಪಾಡು ಇರುವುದರಿಂದ, ಕೇಬಲನ್ನು ಕೀಳದೆ ಗಿಟಾರನ್ನು ಮೂಲೆಗಿಟ್ಟವನಿಗೆ ಕಚೇರಿಯ ದಿನ ಸೊರಗಿದ, ಒಡಕಾದ ದನಿ ಎದುರಾಗುತ್ತದೆ. ಇನ್ನೊಂದು ತೊಡಕು ಸೂಕ್ಷ್ಮವಾದದ್ದು. ಜಿಮಿ ಹೆಂಡ್ರಿಕ್ಸ್ ಬಳಸಿದ, 1966ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ‘ಫಜ್ ಫೇಸ್’ ಎಂಬ ವಿರೂಪಕ ಪೆಡಲು ನಿಷ್ಕ್ರಿಯ ಪಿಕಪ್ಪಿನ ದೌರ್ಬಲ್ಯವನ್ನೇ ನೆಚ್ಚಿಕೊಂಡಿದೆ. ಅದರ ಬಾಗಿಲಿನ ರೋಧ ಬಹಳ ಕಡಿಮೆ. ಸುರುಳಿ ಅದರ ಒಂದು ಅಂಗವೇ ಆಗಿ ಕೆಲಸ ಮಾಡುತ್ತದೆ. ನಡುವೆ ಬ್ಯಾಟರಿಯ ವರ್ಧಕ ಬಂದರೆ ಆ ಸಂಬಂಧ ಹರಿದು ದನಿ ಕರ್ಕಶವಾಗುತ್ತದೆ. ಎರಡನ್ನೂ ಮೆಚ್ಚಿದವನು ಒಂದನ್ನು ಬಿಡಲೇಬೇಕು.

ಸಕ್ರಿಯ ಪಿಕಪ್ಪಿನ ದನಿ ನಿರ್ಜೀವವೆಂಬ ಆರೋಪವನ್ನು ಹೀಗೆ ನೋಡಿದರೆ ಪೂರ್ತಿ ಒಪ್ಪಲೂ ಆಗದು, ತಳ್ಳಿಹಾಕಲೂ ಆಗದು. ಕೇಬಲು, ಗುಂಡಿ, ಪೆಡಲು ಎಲ್ಲವೂ ಸೇರಿ ಹಳೆಯ ದನಿಯನ್ನು ಕ್ಷಣಕ್ಷಣಕ್ಕೂ ತಿದ್ದುತ್ತಿದ್ದವು. ಹೊಸದರಲ್ಲಿ ದನಿ ಕಾರ್ಖಾನೆಯಲ್ಲಿ ನಿಶ್ಚಿತವಾಗಿ ಅಲ್ಲಿಂದ ಅಲುಗುವುದಿಲ್ಲ. ಆ ತಿದ್ದುವಿಕೆಗೆ ಒಗ್ಗಿದ ಕೈಗೆ ಏನೋ ಕಳೆದುಹೋದಂತೆ ತೋರುವುದು ಸಹಜ, ಮತ್ತು ಅದು ಭ್ರಮೆಯಲ್ಲ. ಆದರೆ ಮೆಟಾಲಿಕಾ ತಂಡದ ಜೇಮ್ಸ್ ಹೆಟ್‌ಫೀಲ್ಡರ ಗುಡುಗಿನ ವಾದನಕ್ಕೆ ಮಾತ್ರ ಅದು ತಕ್ಕದ್ದೆಂಬ ಮಾತು ಸರಿಯಲ್ಲ. ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್ 1987ರ ನಂತರದ ಪ್ರವಾಸಗಳಲ್ಲಿ ನುಡಿಸಿದ ಕೆಂಪು ಸ್ಟ್ರಾಟೊಕಾಸ್ಟರಿನಲ್ಲಿದ್ದುವು ಇಎಂಜಿಯ ಸಕ್ರಿಯ ಪಿಕಪ್ಪುಗಳೇ. ಆ ನಿಡಿದಾದ, ಸಾವಧಾನದ ಸ್ವರಗಳನ್ನು ನಿರ್ಜೀವವೆಂದವರು ವಿರಳ. ಉದ್ದವಾದ ಕೇಬಲುಗಳ, ಬಗೆಬಗೆಯ ದೀಪಗಳ ದೊಡ್ಡ ವೇದಿಕೆಯಲ್ಲಿ ನಿಂತವನಿಗೆ ಪ್ರತಿದಿನವೂ ಒಂದೇ ದನಿ ದೊರೆಯುವುದು ಸಣ್ಣ ಲಾಭವಲ್ಲ.

ಇತ್ತೀಚೆಗೆ ಎರಡು ಪಕ್ಷಗಳ ನಡುವಣ ಗೆರೆ ಮಸುಕಾಗುತ್ತಿದೆ. ನಿಷ್ಕ್ರಿಯ ಗಿಟಾರಿನವನು ತನ್ನ ಕಾಲ ಬಳಿ ಒಂದು ‘ಬಫರ್’ ಪೆಡಲನ್ನಿಟ್ಟುಕೊಂಡರೆ ಅಲ್ಲಿಂದ ಮುಂದಿನ ಕೇಬಲಿನ ಕಾಟ ಅವನಿಗೂ ತಪ್ಪುತ್ತದೆ. 2014ರಲ್ಲಿ ಫಿಶ್‌ಮನ್ ಸಂಸ್ಥೆ ತಂದ ಫ್ಲೂಯೆನ್ಸ್ ಎಂಬ ಪಿಕಪ್ಪಿನಲ್ಲಿ ಸುತ್ತಿದ ಸುರುಳಿಯೇ ಇಲ್ಲ. ಪದರಪದರವಾಗಿ ಅಚ್ಚೊತ್ತಿದ ಸುರುಳಿಯ ಮುಂದೆ ಒಂದು ವರ್ಧಕವನ್ನಿಟ್ಟು, ಹಳೆಯ ನಿಷ್ಕ್ರಿಯ ಪಿಕಪ್ಪುಗಳ ಉಬ್ಬುತಗ್ಗುಗಳನ್ನೇ ಅದರಿಂದ ಬರಿಸುತ್ತಾರೆ. ಕೇಬಲನ್ನೇ ತೊರೆದು ರೇಡಿಯೋ ಅಲೆಗಳ ಮೂಲಕ ಸಂಕೇತವನ್ನು ಕಳುಹಿಸುವ ಪೆಟ್ಟಿಗೆಗಳಲ್ಲಿ ಕೆಲವಕ್ಕೆ ಒಂದು ವಿಚಿತ್ರವಾದ ಗುಂಡಿಯುಂಟು. ಅದನ್ನು ತಿರುವಿ, ಇಲ್ಲದಿರುವ ಕೇಬಲು ಎಷ್ಟು ಉದ್ದವಿರಬೇಕೆಂಬುದನ್ನು ವಾದಕನು ಆರಿಸಿಕೊಳ್ಳುತ್ತಾನೆ.