ಪರದೇಶದ ಚಳಿಗಾಲ, ಮಂಕಾದ ಮನಸ್ಸು

ಜನವರಿಯ ಒಂದು ಸಂಜೆ ಶಿವಮೊಗ್ಗದ ತಾಯಿಯೊಬ್ಬರು ರಕ್ತದೊತ್ತಡ ತೋರಿಸಲು ಬಂದಿದ್ದರು. ಒತ್ತಡ ಎಂದಿಗಿಂತ ಹೆಚ್ಚಾಗಿತ್ತು. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ, ಉಪ್ಪಿನಕಾಯಿ ಬಿಟ್ಟು ವರ್ಷವಾಯಿತು ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಗಳದ್ದೇ ಯೋಚನೆ ಡಾಕ್ಟ್ರೇ" ಎಂದು ಮಾತು ತೆಗೆದರು.

ಮಗಳು ಇಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವಳು. ಮದುವೆಯಾಗಿ ಆಗಸ್ಟ್‌ನಲ್ಲಿ ಗಂಡನ ಜೊತೆ ಇಂಗ್ಲೆಂಡಿನ ಲೀಡ್ಸ್ ನಗರಕ್ಕೆ ಹೋದಳು. ಅಳಿಯನದು ಕಂಪ್ಯೂಟರ್ ಕೆಲಸ, ಒಳ್ಳೆಯ ಹುಡುಗ. ಮೊದಲೆರಡು ತಿಂಗಳು ದಿನವೂ ಫೋನ್. ಹಸಿರು ಹುಲ್ಲು, ಕೆಂಪು ಇಟ್ಟಿಗೆಯ ಮನೆಗಳು, ರಸ್ತೆ ದಾಟುವಾಗ ನಿಂತುಕೊಳ್ಳುವ ಕಾರುಗಳು, ಎಲ್ಲವನ್ನೂ ಕ್ಯಾಮೆರಾ ಹಿಡಿದು ತೋರಿಸುತ್ತಿದ್ದಳು. ನವೆಂಬರಿನಿಂದ ಕ್ಯಾಮೆರಾ ಹಾಕುವುದನ್ನೇ ನಿಲ್ಲಿಸಿದ್ದಾಳೆ. ಹತ್ತು ಗಂಟೆಯವರೆಗೆ ಮಲಗಿರುತ್ತಾಳಂತೆ. ಅಡುಗೆ ಮಾಡಲು ಮನಸ್ಸಿಲ್ಲ, ಬ್ರೆಡ್ಡು ಚಿಪ್ಸು ತಿಂದು ನಾಲ್ಕು ಕಿಲೋ ಹೆಚ್ಚಾಗಿದ್ದಾಳಂತೆ. "ಏನಾಯ್ತೇ?" ಎಂದರೆ "ಚೆನ್ನಾಗಿದ್ದೀನಮ್ಮ, ಏನಿಲ್ಲ" ಎಂಬ ಒಂದೇ ಉತ್ತರ.

"ಥೈರಾಯ್ಡ್ ಇರಬಹುದಾ? ಯಾರದಾದರೂ ಕಣ್ಣು ತಗುಲಿತಾ?" ಎಂದು ಆ ತಾಯಿ ಕೇಳಿದರು. ಮೊದಲನೆಯ ಪ್ರಶ್ನೆ ಸರಿಯಾದದ್ದೇ. ಎರಡನೆಯದಕ್ಕೆ ಉತ್ತರವಾಗಿ ಈ ಲೇಖನ. ನಿಮ್ಮ ಮನೆಯಿಂದಲೂ ಮಗನೋ ಮಗಳೋ ಸೊಸೆಯೋ ಹೊರದೇಶಕ್ಕೆ ಹೋಗಿದ್ದರೆ, ಅಥವಾ ಹೊರಡುವ ತಯಾರಿಯಲ್ಲಿದ್ದರೆ, ಇದನ್ನು ಅವರಿಗೂ ಓದಿ ಹೇಳಿ.

ಊರು ಬಿಟ್ಟವರ ಬೇಗೆ ಹೊಸದೇನಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ಯೋಹಾನ್ಸ್ ಹೋಫರ್ ಎಂಬಾತ 1688ರಲ್ಲೇ ತನ್ನ ಪ್ರಬಂಧದಲ್ಲಿ ಇದಕ್ಕೊಂದು ರೋಗದ ಹೆಸರು ಕೊಟ್ಟ. ಮರಳಿ ಮನೆ ಸೇರುವುದು, ನೋವು ಎಂಬ ಎರಡು ಗ್ರೀಕ್ ಪದಗಳನ್ನು ಕೂಡಿಸಿ 'ನಾಸ್ಟಾಲ್ಜಿಯಾ' ಎಂದ. ಇಂದು ನಾವು ಅದನ್ನು ಹಳೆಯ ಸಿನಿಮಾ ಹಾಡು ಕೇಳಿದಾಗ ಬಳಸುತ್ತೇವೆ. ಅಂದು ಅದು ಊಟ ನಿದ್ರೆ ಬಿಟ್ಟು ಸೊರಗುವ ಕಾಯಿಲೆಯ ಹೆಸರಾಗಿತ್ತು.

1960ರಲ್ಲಿ ಕಲೆರ್ವೊ ಒಬರ್ಗ್ ಎಂಬ ಮಾನವಶಾಸ್ತ್ರಜ್ಞ ಹೊಸ ದೇಶಕ್ಕೆ ಹೋದವರ ಮನಸ್ಸು ಹಂತಹಂತವಾಗಿ ಬದಲಾಗುವುದನ್ನು ವಿವರಿಸಿದ. ಮೊದಲು ಹನಿಮೂನಿನ ಹುರುಪು. ಆಮೇಲೆ ಎಲ್ಲವೂ ಬೇಸರ, ಎಲ್ಲರ ಮೇಲೂ ಸಿಟ್ಟು. ಕ್ರಮೇಣ ಚೇತರಿಕೆ, ಕೊನೆಗೆ ಹೊಂದಾಣಿಕೆ. ಎಲ್ಲರೂ ಇದೇ ದಾರಿಯಲ್ಲಿ ಹೋಗುವುದಿಲ್ಲ. ಎಷ್ಟೋ ಜನರಿಗೆ ಮೊದಲ ವಾರಗಳೇ ಕಷ್ಟ ಎಂದು ಮುಂದಿನ ಸಂಶೋಧಕರು ತೋರಿಸಿದ್ದಾರೆ. ಆದರೂ ನಾಲ್ಕಾರು ತಿಂಗಳಿಗೆ ಮನಸ್ಸು ಕುಸಿದರೆ ತನ್ನಲ್ಲೇ ಏನೋ ದೋಷವಿದೆ ಎಂದು ಹೆದರಬೇಕಾಗಿಲ್ಲ. ಬಹಳ ಜನ ಈ ಹೊಳೆ ದಾಟಿಯೇ ಹೋಗಿದ್ದಾರೆ.

ಬೆಳಕಿನ ಬರ

ಈಗ ಆ ತಾಯಿಯ ಮಗಳ ವಿಷಯಕ್ಕೆ ಬರೋಣ. ನವೆಂಬರಿನಲ್ಲಿ ಶುರುವಾಯಿತು ಎಂದರಲ್ಲ, ನನಗೆ ಅನುಮಾನ ಬಂದದ್ದು ಅಲ್ಲೇ. ಡಿಸೆಂಬರಿನಲ್ಲಿ ಲೀಡ್ಸ್‌ನ ಹಗಲು ಏಳೂವರೆ ಗಂಟೆಯೂ ತುಂಬುವುದಿಲ್ಲ. ಬೆಳಿಗ್ಗೆ ಎಂಟು ದಾಟಿದ ಮೇಲೆ ಸೂರ್ಯ ಹುಟ್ಟುತ್ತಾನೆ. ನಮ್ಮ ಊರಿನ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಗಿಂತ ಹೆಚ್ಚು. ರಾತ್ರಿ ಒಂಬತ್ತೂಕಾಲಿಗೆ ಊಟ ಮುಗಿಸಿ ನೀವು ಇಲ್ಲಿಂದ ಫೋನ್ ಮಾಡುತ್ತೀರಿ. ಅಲ್ಲಿ ಆಗ ಮಧ್ಯಾಹ್ನ ಮೂರೂಮುಕ್ಕಾಲು, ಸೂರ್ಯ ಮುಳುಗುವ ಹೊತ್ತು. ಗಂಡ ಮನೆಗೆ ಬರಲು ಇನ್ನೂ ಎರಡು ಗಂಟೆಯಿದೆ.

ನಾರ್ಮನ್ ರೊಸೆಂತಾಲ್ ಎಂಬ ವೈದ್ಯರು 1976ರಲ್ಲಿ ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್‌ನಿಂದ ನ್ಯೂಯಾರ್ಕಿಗೆ ವಲಸೆ ಹೋದರು. ಬಿಸಿಲಿನ ನಾಡಿನವರಾದ ಅವರಿಗೆ ಚಳಿಗಾಲದಲ್ಲಿ ಮಾತ್ರ ಉತ್ಸಾಹವೇ ಉಡುಗಿಹೋಗುತ್ತಿತ್ತು. ವಸಂತ ಬಂದರೆ ಮತ್ತೆ ಮಾಮೂಲು. ಮುಂದೆ ಅವರೂ ಸಹೋದ್ಯೋಗಿಗಳೂ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಇಂಥದೇ ರೋಗಿಗಳನ್ನು ಅಭ್ಯಸಿಸಿ, 1984ರಲ್ಲಿ 'ಋತುಮಾನದ ಖಿನ್ನತೆ'ಯನ್ನು ಪ್ರತ್ಯೇಕ ಕಾಯಿಲೆಯಾಗಿ ಗುರುತಿಸಿದರು. ಸಾಮಾನ್ಯ ಖಿನ್ನತೆಯಲ್ಲಿ ಬಹಳ ಸಲ ನಿದ್ರೆ ಬರುವುದಿಲ್ಲ, ಹಸಿವಾಗುವುದಿಲ್ಲ. ಇದರಲ್ಲಿ ಹೆಚ್ಚಾಗಿ ಉಲ್ಟಾ: ಎಷ್ಟು ಮಲಗಿದರೂ ಸಾಲದು, ಸಿಹಿ, ಬ್ರೆಡ್ಡು, ಆಲೂಗೆಡ್ಡೆ ಬೇಕೆನಿಸುತ್ತದೆ, ತೂಕ ಏರುತ್ತದೆ. ಆ ತಾಯಿ ಹೇಳಿದ್ದೂ ಇದನ್ನೇ ಅಲ್ಲವೇ?

ಇದಕ್ಕೆ ಮೊದಲ ಮದ್ದು ಬೆಳಕು. ಎದ್ದ ಒಂದೆರಡು ಗಂಟೆಯೊಳಗೆ ಹೊರಗೆ ಅರ್ಧ ಗಂಟೆಯಾದರೂ ನಡೆಯಬೇಕು. ಮೋಡ ಕವಿದಿದ್ದರೂ ಹೊರಗಿನ ಬೆಳಕು ಮನೆಯ ದೀಪಕ್ಕಿಂತ ಹಲವು ಪಟ್ಟು ಹೆಚ್ಚು. ಹತ್ತು ಸಾವಿರ ಲಕ್ಸ್ ಬೆಳಕು ಕೊಡುವ ವಿಶೇಷ ದೀಪಗಳೂ ಸಿಗುತ್ತವೆ. ಬೆಳಿಗ್ಗೆ ಇಪ್ಪತ್ತು ಮೂವತ್ತು ನಿಮಿಷ ಅದರ ಮುಂದೆ ಕುಳಿತು ಪೇಪರ್ ಓದಬಹುದು. ಕಣ್ಣಿನ ಕಾಯಿಲೆ ಇರುವವರು, ಹಿಂದೆ ಅತಿ ಉನ್ಮಾದ ಅತಿ ಖಿನ್ನತೆ ಎರಡೂ ಬಂದಿದ್ದವರು ವೈದ್ಯರನ್ನು ಕೇಳದೆ ಬಳಸಬಾರದು. ಚಳಿಗೆ ಅಂಜಿ ಒಳಗೇ ಕೂರುವವರಿಗೆ ಒಂದು ಮಾತು: ನಮ್ಮಿಂದ ಒಯ್ದ ಸ್ವೆಟರು ಅಲ್ಲಿಯ ಗಾಳಿಗೆ ಏನೇನೂ ಸಾಲದು. ಮಳೆ ಗಾಳಿ ಎರಡನ್ನೂ ತಡೆಯುವ ಒಂದು ಒಳ್ಳೆಯ ಕೋಟು, ನೀರಿಳಿಯದ ಬೂಟು ಅಲ್ಲಿಯೇ ಕೊಳ್ಳಿ. ಇದು ದುಂದುವೆಚ್ಚವಲ್ಲ, ಔಷಧದ ಖರ್ಚು ಎಂದೇ ತಿಳಿಯಿರಿ.

ಬಿಸಿಲಿಲ್ಲದಿದ್ದರೆ ಮೂಳೆಗೂ ತೊಂದರೆ. ವಿಟಮಿನ್ 'ಡಿ' ತಯಾರಾಗುವುದು ಬಿಸಿಲಿನ ನೇರಳಾತೀತ ಕಿರಣ ಚರ್ಮಕ್ಕೆ ತಾಗಿದಾಗ. ಬ್ರಿಟನ್ನಿನಲ್ಲಿ ಅಕ್ಟೋಬರಿನಿಂದ ಮಾರ್ಚ್ ಆರಂಭದವರೆಗೆ ಬಿಸಿಲು ಬಿದ್ದರೂ ಆ ಕಿರಣ ಸಾಕಷ್ಟಿರುವುದಿಲ್ಲ. ಗಾಜಿನ ಕಿಟಕಿಯ ಒಳಗೆ ಕುಳಿತು ಬಿಸಿಲು ಕಾಯಿಸಿದರಂತೂ ಉಪಯೋಗವೇ ಇಲ್ಲ. ನಮ್ಮಂಥ ಕಂದು ಚರ್ಮಕ್ಕೆ ಇನ್ನೂ ಹೆಚ್ಚು ಬಿಸಿಲು ಬೇಕು. 1960, 70ರ ದಶಕಗಳಲ್ಲಿ ಗ್ಲಾಸ್ಗೋ ನಗರದಲ್ಲಿ ನೆಲೆಸಿದ ಭಾರತ, ಪಾಕಿಸ್ತಾನ ಮೂಲದ ಕುಟುಂಬಗಳ ಮಕ್ಕಳಲ್ಲಿ ಕಾಲು ಸೊಟ್ಟಗಾಗುವ ರಿಕೆಟ್ಸ್ ಕಾಣಿಸಿಕೊಂಡಿತ್ತು. ವಿಟಮಿನ್ ಅನ್ನು ಉಚಿತವಾಗಿ ಹಂಚಿದ ಮೇಲೆ ಅದು ತಗ್ಗಿತು. ಅಲ್ಲಿಯ ಆರೋಗ್ಯ ಇಲಾಖೆ ಚಳಿಗಾಲದಲ್ಲಿ ಎಲ್ಲರಿಗೂ, ಕಪ್ಪು ಕಂದು ಚರ್ಮದವರಿಗೆ ವರ್ಷವಿಡೀ, ದಿನಕ್ಕೆ 10 ಮೈಕ್ರೋಗ್ರಾಂ (400 ಯೂನಿಟ್) ವಿಟಮಿನ್ ಡಿ ಸಲಹೆ ಮಾಡುತ್ತದೆ. ಸೊಂಟ, ತೊಡೆ ಎಳೆಯುವ ನೋವು, ಮೆಟ್ಟಿಲು ಹತ್ತಲು ಆಯಾಸ ಇದ್ದರೆ ರಕ್ತ ಪರೀಕ್ಷೆ ಮಾಡಿಸಿ. ಸಸ್ಯಾಹಾರಿಗಳು ಬಿ-12 ಕೂಡ ನೋಡಿಸುವುದು ಒಳ್ಳೆಯದು. ಅದರ ಕೊರತೆಯಿಂದಲೂ ಸುಸ್ತು, ಮಂಕು ಬರುತ್ತವೆ.

ಅಡುಗೆಮನೆ ಮತ್ತು ತೂಕ

1995ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ನನಗೆ ಬಹಳ ಇಷ್ಟ. ಪಶ್ಚಿಮ ಲಂಡನ್ನಿನಲ್ಲಿ ನೆಲೆಸಿದ ಭಾರತೀಯರನ್ನು ಪಂಜಾಬಿನಲ್ಲೇ ಉಳಿದ ಅವರ ಒಡಹುಟ್ಟಿದವರ ಜೊತೆ ಹೋಲಿಸಿ ನೋಡಿದರು. ಒಂದೇ ರಕ್ತ, ಬೇರೆ ಊರು. ಲಂಡನ್ನಿಗೆ ಹೋದವರಲ್ಲಿ ತೂಕ, ಕೊಲೆಸ್ಟರಾಲ್, ರಕ್ತದೊತ್ತಡ, ರಕ್ತದ ಸಕ್ಕರೆ ಎಲ್ಲವೂ ಹೆಚ್ಚು! ಬಿಳಿಯರಿಗೆ ದೇಹತೂಕದ ಸೂಚಿ (ಬಿಎಂಐ) 25 ದಾಟಿದರೆ ಎಚ್ಚರಿಕೆ, ನಮಗೆ 23ಕ್ಕೇ. ಐದು ಅಡಿ ಐದು ಅಂಗುಲ ಎತ್ತರದವರಿಗೆ 23 ಎಂದರೆ ಸುಮಾರು 62-63 ಕಿಲೋ. ಸೊಂಟದ ಸುತ್ತಳತೆ ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ಮೀರಬಾರದು.

ಹಾಗಾಗಿ ಮನೆಯ ಅಡುಗೆ ಬಿಡಬೇಡಿ. ಹೊಸದಾಗಿ ಹೋದವರು ಸೋಲುವುದು ಸಣ್ಣ ಸಣ್ಣ ವಿಷಯಗಳಿಗೆ. ಚಳಿಗೆ ಇಡ್ಲಿ ಹಿಟ್ಟು ಉಬ್ಬುವುದಿಲ್ಲ. ಓವನ್ನಿನ ಒಳಗಿಟ್ಟು, ಬಿಸಿ ಮಾಡದೆ ಅದರ ದೀಪವನ್ನಷ್ಟೇ ಹಾಕಿದರೆ ಬೆಳಗಾಗುವುದರೊಳಗೆ ಉಬ್ಬುತ್ತದೆ. ಒಗ್ಗರಣೆ ಹಾಕಿದರೆ ಹೊಗೆಯ ಗಂಟೆ ಬಡಿದುಕೊಳ್ಳುತ್ತದೆ. ಫ್ಯಾನ್ ಹಾಕಿ, ಕಿಟಕಿ ತೆರೆಯಿರಿ, ಗಂಟೆಯ ಬ್ಯಾಟರಿ ಮಾತ್ರ ಕೀಳಬೇಡಿ. ಭಾರತೀಯರ ಅಂಗಡಿಗಳಲ್ಲಿ ರಾಗಿ ಹಿಟ್ಟು, ಮೆಂತ್ಯ ಸೊಪ್ಪು ಸಿಗುತ್ತವೆ. ಅನ್ನ ಸಾರಿನ ಜೊತೆ ಅಲ್ಲಿಯ ಕೋಸು, ಬಟಾಣಿ, ಕ್ಯಾರೆಟ್ಟಿನ ಪಲ್ಯ ಹೆಚ್ಚಿರಲಿ.

ಮಾತಿಗೊಬ್ಬರು ಬೇಕು

ಬೆಳಕು, ಊಟ ಸರಿಯಾದರೂ ಮಾತಿಗೆ ಜನವಿಲ್ಲದಿದ್ದರೆ ಮನಸ್ಸು ಚಿಗುರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ 3,809 ಜಪಾನೀ ಮೂಲದವರನ್ನು ಮಾರ್ಮಟ್ ಮತ್ತು ಸೈಮ್ ಅಧ್ಯಯನ ಮಾಡಿ 1976ರಲ್ಲಿ ಪ್ರಕಟಿಸಿದರು. ತಮ್ಮವರೊಡನೆ ಒಡನಾಟ ಉಳಿಸಿಕೊಂಡವರಲ್ಲಿ ಹೃದಯದ ಕಾಯಿಲೆ ಜಪಾನಿನಲ್ಲಿರುವಷ್ಟೇ ಕಡಿಮೆ. ಪೂರ್ತಿ ಅಮೆರಿಕನ್ನರಂತಾದವರಲ್ಲಿ ಮೂರರಿಂದ ಐದು ಪಟ್ಟು ಹೆಚ್ಚು. ಊಟ, ಸಿಗರೇಟು, ರಕ್ತದೊತ್ತಡದ ವ್ಯತ್ಯಾಸ ಲೆಕ್ಕಕ್ಕೆ ತೆಗೆದುಕೊಂಡರೂ ಈ ಅಂತರ ಉಳಿಯಿತು. ಕನ್ನಡ ಕೂಟದ ಯುಗಾದಿ, ರಾಜ್ಯೋತ್ಸವಗಳಿಗೆ ಬಿಡದೆ ಹೋಗಿ. ಆದರೆ ಅಲ್ಲಿಗೇ ನಿಲ್ಲಬೇಡಿ. ತಮ್ಮತನ ಉಳಿಸಿಕೊಂಡು ಊರವರ ಜೊತೆಗೂ ಬೆರೆಯುವವರು ಸಾಮಾನ್ಯವಾಗಿ ಹೆಚ್ಚು ನೆಮ್ಮದಿಯಿಂದಿರುತ್ತಾರೆ ಎಂದು ಕೆನಡಾದ ಮನಶ್ಶಾಸ್ತ್ರಜ್ಞ ಜಾನ್ ಬೆರಿ ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ.

ಈ ವಿಷಯದಲ್ಲಿ ಹೆಚ್ಚು ಕಷ್ಟ ಜೊತೆಗೆ ಹೋದ ಸಂಗಾತಿಗೆ. ಉದ್ಯೋಗಕ್ಕೆ ಹೋದವನಿಗೆ ಮರುದಿನವೇ ಆಫೀಸು, ಸಹೋದ್ಯೋಗಿಗಳು. ನಿನ್ನೆಯವರೆಗೆ 'ಮೇಡಂ' ಎನಿಸಿಕೊಂಡವಳು ಅಲ್ಲಿ ಯಾರೂ ಅಲ್ಲ. ಅಮೆರಿಕದಲ್ಲಂತೂ ಎಚ್-4 ವೀಸಾದವರಿಗೆ ದುಡಿಯಲು ಬಹುಕಾಲ ಅನುಮತಿಯೇ ಇರಲಿಲ್ಲ. 2015ರಲ್ಲಿ ಕೆಲವರಿಗೆ ಮಾತ್ರ ಸಿಕ್ಕಿತು. ಈ ಕೊರಗನ್ನು 'ಮನೆಯಲ್ಲಿ ಆರಾಮಾಗಿದ್ದಾಳೆ' ಎಂದು ಗಂಡಂದಿರು ತಳ್ಳಿಹಾಕುವುದನ್ನು ನಾನು ಕೇಳಿದ್ದೇನೆ. ವಾರಕ್ಕೆರಡು ದಿನ ಬೇಗ ಬಂದು ಜೊತೆಗೆ ನಡೆದಾಡುವುದು ಅಂಥ ದೊಡ್ಡ ತ್ಯಾಗವೇನಲ್ಲ.

ಹೆತ್ತವರಿಗೂ ಒಂದು ಮಾತು. ಫೋನಿನಲ್ಲಿ ದಿನವೂ "ವಿಶೇಷ ಏನಾದರೂ ಇದೆಯಾ?" ಎಂದು ಕೇಳಬೇಡಿ. ಪಕ್ಕದ ಮನೆಯವರ ಮಗ ಮನೆ ಕೊಂಡ ಸುದ್ದಿ ಬೇಡ. "ಊಟ ಆಯ್ತಾ" ಎಂಬುದರ ಜೊತೆಗೆ "ಇವತ್ತು ಹೊರಗೆ ಎಲ್ಲಿಗೆ ಹೋಗಿದ್ದೆ, ಯಾರು ಸಿಕ್ಕಿದ್ದರು?" ಎಂದೂ ಕೇಳಿ. ಮಗಳು ಅತ್ತರೆ ಅಳಲು ಬಿಡಿ. "ವಾಪಸ್ ಬಂದುಬಿಡು" ಎಂದೋ "ಅಷ್ಟು ಖರ್ಚು ಮಾಡಿ ಹೋಗಿ ಹೀಗಾ?" ಎಂದೋ ತಕ್ಷಣ ಹೇಳಿದರೆ ಮರುದಿನದಿಂದ ಅವಳು "ಚೆನ್ನಾಗಿದ್ದೀನಮ್ಮ" ಎನ್ನತೊಡಗುತ್ತಾಳೆ. ಕೈಮಾಡುವ, ಹಣಕ್ಕೆ ಬೀಗ ಹಾಕುವ ಗಂಡನಿದ್ದರೆ ಮಾತು ಬೇರೆ. ಅಲ್ಲಿ ಹೊಂದಿಕೊಳ್ಳು ಎಂದು ಬುದ್ಧಿ ಹೇಳಬೇಡಿ, ನೆರವು ಪಡೆಯಲು ಧೈರ್ಯ ಹೇಳಿ.

ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಬೇಸರ, ಯಾವುದರಲ್ಲೂ ಆಸಕ್ತಿಯಿಲ್ಲ ಎಂದರೆ ವೈದ್ಯರನ್ನು ಕಾಣಲೇಬೇಕು. ಬ್ರಿಟನ್ನಿಗೆ ದೀರ್ಘಕಾಲದ ವೀಸಾದಲ್ಲಿ ಹೋಗುವವರು ಸಾಮಾನ್ಯವಾಗಿ ಆರೋಗ್ಯ ಶುಲ್ಕ ಕಟ್ಟಿಯೇ ಹೋಗಿರುತ್ತಾರೆ. ಹೋದ ಮೊದಲ ವಾರದಲ್ಲೇ 'ಜಿಪಿ' ಎನ್ನುವ ಮನೆವೈದ್ಯರ ಬಳಿ ಹೆಸರು ಬರೆಸಿ. ಇಂಗ್ಲೆಂಡಿನಲ್ಲಿ ಆಪ್ತಸಲಹೆಗೆ ಜಿಪಿಯ ಚೀಟಿ ಇಲ್ಲದೆ ತಾವೇ ಅರ್ಜಿ ಹಾಕಬಹುದು. ಗಂಡನ ಕಂಪೆನಿಗೆ ಗೊತ್ತಾಗುತ್ತದೆಂಬ ಭಯ ಬೇಡ. ರೋಗಿಯ ಒಪ್ಪಿಗೆಯಿಲ್ಲದೆ ವೈದ್ಯರು ಕಂಪೆನಿಗೆ ತಿಳಿಸುವುದಿಲ್ಲ. ಬದುಕೇ ಬೇಡ ಎಂಬ ಯೋಚನೆ ಬಂದರೆ ಕಾಯಬಾರದು: 111ಕ್ಕೆ, ಜೀವಕ್ಕೆ ಅಪಾಯವೆನಿಸಿದರೆ 999ಕ್ಕೆ ಕರೆ ಮಾಡಬೇಕು. ಇಲ್ಲಿ ಚಿಂತೆಯಲ್ಲಿ ಬೇಯುವ ಹೆತ್ತವರಿಗೆ ಸರ್ಕಾರದ ಟೆಲಿ-ಮಾನಸ್ ಇದೆ, ಸಂಖ್ಯೆ 14416.

ಶಿವಮೊಗ್ಗದ ಆ ಮಗಳು ತಾಯಿಯ ಒತ್ತಾಯಕ್ಕೆ ಜಿಪಿಯನ್ನು ಕಂಡಳು. ಥೈರಾಯ್ಡ್ ಸರಿಯಿತ್ತು, ವಿಟಮಿನ್ ಡಿ ಬಹಳ ಕಡಿಮೆಯಿತ್ತು. ಗುಳಿಗೆ, ಆಪ್ತಸಲಹೆ ಶುರುವಾದವು. ಬೆಳಗಿನ ನಡಿಗೆಗೆ ನೆಪ ಬೇಕೆಂದು ಹಳೆಯ ಬಟ್ಟೆ ಮಾರುವ ಧರ್ಮಾರ್ಥದ ಅಂಗಡಿಯೊಂದರಲ್ಲಿ ವಾರಕ್ಕೆ ಮೂರು ದಿನ ಸಂಬಳವಿಲ್ಲದ ಕೆಲಸಕ್ಕೆ ಸೇರಿದಳು. ಮೊದಲ ದಿನ ಬಸ್ಸಿನ ಡ್ರೈವರ್ "ಲವ್" ಎಂದು ಕರೆದಾಗ ಗಾಬರಿಯಾಗಿದ್ದಳಂತೆ. ಆ ಸೀಮೆಯಲ್ಲಿ ಅದು ನಮ್ಮ 'ಅಮ್ಮಾ', 'ತಾಯೀ' ಇದ್ದ ಹಾಗೆ ಎಂದು ಅಂಗಡಿಯ ಹಿರಿಯ ಹೆಂಗಸು ನಕ್ಕು ತಿಳಿಸಿದಳಂತೆ. ಈಗ ಇಬ್ಬರೂ ಒಟ್ಟಿಗೆ ಚಹಾ ಕುಡಿಯುತ್ತಾರೆ. ಏಪ್ರಿಲ್ ಹೊತ್ತಿಗೆ ಒಂದು ಶಾಲೆಯಲ್ಲಿ ಸಹಾಯಕ ಶಿಕ್ಷಕಿಯ ಕೆಲಸಕ್ಕೂ ಕರೆ ಬಂತು.

ತಾಯಿ ಮೊನ್ನೆ ಮತ್ತೆ ಬಂದಿದ್ದರು. ರಕ್ತದೊತ್ತಡ 130/80. ತೋಳಿನ ಪಟ್ಟಿ ಬಿಚ್ಚುತ್ತಿದ್ದಂತೆ ದೂರು ಶುರು: "ಈಗ ಫೋನೇ ಎತ್ತಲ್ಲ ಡಾಕ್ಟ್ರೇ. ಎತ್ತಿದರೂ, ಅಮ್ಮಾ ಆಮೇಲೆ ಮಾಡ್ತೀನಿ, ಬಸ್ಸು ಬಂತು ಅಂತಾಳೆ."