ಮುಟ್ಟಿನ ನೋವು: ಪತ್ತೆಗೆ ಏಕಿಷ್ಟು ತಡ?

ಪ್ರತಿ ತಿಂಗಳೂ ಎರಡು ಮೂರು ದಿನ ಹೊಟ್ಟೆ ಹಿಡಿದುಕೊಂಡು ಶಾಲೆ ತಪ್ಪಿಸುವ ಹುಡುಗಿಗೆ ಎಷ್ಟೋ ಮನೆಗಳಲ್ಲಿ ಸಿಗುವ ಸಮಾಧಾನ ಒಂದೇ: 'ಇದೆಲ್ಲ ಇದ್ದದ್ದೇ, ಮದುವೆಯಾದರೆ ಸರಿಹೋಗುತ್ತದೆ.' ಮಾತ್ರೆಗೂ ಜಗ್ಗದ ಇಂಥ ನೋವಿನ ಹಿಂದೆ ಕೆಲವೊಮ್ಮೆ ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆ ಇರುತ್ತದೆ.

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಅಂಡಾಶಯ, ಕರುಳಿನ ಹೊರಮೈ ಮುಂತಾದೆಡೆ ಬೆಳೆಯುವುದೇ ಈ ಕಾಯಿಲೆ. ಹಾರ್ಮೋನುಗಳಿಗೆ ಅದೂ ಸ್ಪಂದಿಸುವುದರಿಂದ ಸುತ್ತಲೂ ಉರಿಯೂತ. ಕ್ರಮೇಣ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವುದೂ ಉಂಟು. ಮುಟ್ಟಿನ ರಕ್ತ ಅಂಡನಾಳದ ಮೂಲಕ ಹಿಮ್ಮುಖವಾಗಿ ಹರಿಯುವುದೇ ಇದಕ್ಕೆ ಕಾರಣವೆಂದು ಅಮೆರಿಕದ ವೈದ್ಯ ಜಾನ್ ಸ್ಯಾಂಪ್ಸನ್ 1920ರ ದಶಕದಲ್ಲಿ ವಾದಿಸಿದರು. ಆದರೆ ಅಂಥ ಹರಿವು ಬಹುಪಾಲು ಹೆಂಗಸರಲ್ಲಿದೆ. ಕಾಯಿಲೆ ಬರುವುದು 10 ಮಂದಿಯಲ್ಲಿ ಸುಮಾರು ಒಬ್ಬರಿಗೆ. ಒಗಟು ಇನ್ನೂ ಪೂರ್ತಿ ಬಿಡಿಸಿಲ್ಲ.

ಪತ್ತೆಗೆ 4ರಿಂದ 10 ವರ್ಷ ಹಿಡಿಯುವುದೂ ಉಂಟು. ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ದುರ್ಬೀನಿನಿಂದ ನೋಡುವ ಲ್ಯಾಪರೊಸ್ಕೋಪಿಯೇ ಬಹುಕಾಲ ಕಡೆಯ ತೀರ್ಪಾಗಿತ್ತು. ಹದಿನಾರರ ಹುಡುಗಿಗೆ ಆಪರೇಷನ್ ಮಾಡಿಸಲು ಯಾವ ತಂದೆ ತಾಯಿ ಮುಂದಾದಾರು? 2022ರಲ್ಲಿ ಯುರೋಪಿನ ತಜ್ಞರು ಈ ಕಟ್ಟು ಸಡಿಲಿಸಿ, ಲಕ್ಷಣ ಮತ್ತು ಸ್ಕ್ಯಾನಿಂಗ್ ಆಧಾರದಲ್ಲೇ ಔಷಧ ಆರಂಭಿಸಬಹುದೆಂದರು. ಸ್ಕ್ಯಾನಿಂಗ್ 'ನಾರ್ಮಲ್' ಬಂದ ಮಾತ್ರಕ್ಕೆ ಕಾಯಿಲೆ ಇಲ್ಲವೆನ್ನಲಾಗದು. ತೆಳುವಾದ ಕಲೆಗಳು ಅದರಲ್ಲಿ ಕಾಣಿಸದಿರಬಹುದು. ನೋವಿನ ತೀವ್ರತೆಗೂ ಕಾಯಿಲೆ ಹಬ್ಬಿರುವ ಪ್ರಮಾಣಕ್ಕೂ ತಾಳೆಯಿಲ್ಲ.

ಆದ್ದರಿಂದ ರೋಗಿಯ ಮಾತಿಗೇ ಹೆಚ್ಚು ಬೆಲೆ. ನೋವಿನ ದಿನಗಳು, ತಪ್ಪಿದ ತರಗತಿಗಳು, ಮಲವಿಸರ್ಜನೆಯಲ್ಲಿ ನೋವು, ಇವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ತಿಂಗಳು ಗುರುತು ಹಾಕಿ ಸ್ತ್ರೀರೋಗ ತಜ್ಞರಿಗೆ ತೋರಿಸಬೇಕು. ಅವರು ಹಾರ್ಮೋನ್ ಮಾತ್ರೆ ಬರೆದರೆ ತಾಯಂದಿರು ಗಾಬರಿಪಡಬೇಕಿಲ್ಲ. ಇಲ್ಲಿ ಅದು ಗರ್ಭನಿರೋಧಕ್ಕಲ್ಲ, ಆ ಅಂಗಾಂಶದ ಚಟುವಟಿಕೆ ತಗ್ಗಿಸಲು.